ಫುಟ್‌ಪಾತ್ ಎತ್ತಿದ ಬೇರು, ಕಿಟಕಿಗೆ ಅಡ್ಡ ಬಂದ ಕೊಂಬೆ: ಬೀದಿಮರಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ನಿವಾಸಿ): ನಮ್ಮ ಗೇಟಿನ ಎದುರಿನ ಬೀದಿಮರ ಫುಟ್‌ಪಾತನ್ನು ಎತ್ತಿಬಿಟ್ಟಿದೆ. ಎದೆಮಟ್ಟದಲ್ಲಿ ಕಾಂಡದ ವ್ಯಾಸ 45 ಸೆಂ.ಮೀ., ಕಾಂಡದಿಂದ ಕಾಂಕ್ರೀಟ್ ಚಪ್ಪಡಿಯ ಅಂಚಿಗೆ 70 ಸೆಂ.ಮೀ. ಒಂದು ಚಪ್ಪಡಿ ಪಕ್ಕದ್ದಕ್ಕಿಂತ 4 ಸೆಂ.ಮೀ. ಮೇಲೆದ್ದಿದೆ, ನಡೆಯುವವರು ಎಡವುತ್ತಿದ್ದಾರೆ. ಬೇರು ಕಡಿದು ಹೊಸ ಚಪ್ಪಡಿ ಹಾಕಿದರೆ ಮುಗೀತು ಅಂತಾರೆ ಕೆಲಸದವರು. ಕಡಿಸಬಹುದೇ ಸರ್?

ಉತ್ತರ (ವೃಕ್ಷತಜ್ಞ): ಆ ಜಾಗದಲ್ಲಿ ಬೇಡ. ಅಳತೆ ಕೊಟ್ಟಿದ್ದು ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ. ಕಾಂಡದ ವ್ಯಾಸದ ಮೂರು ಪಟ್ಟು ದೂರದೊಳಗೆ ದಪ್ಪ ಬೇರನ್ನು ಮುಟ್ಟಬಾರದು, ಇದು ದಾಟಬಾರದ ಗೆರೆ. 45ರ ಮೂರು ಪಟ್ಟು 135 ಸೆಂ.ಮೀ., ನಿಮ್ಮ ಚಪ್ಪಡಿ 70ಕ್ಕೇ ಶುರುವಾಗುತ್ತದೆ. ಅಲ್ಲಿರುವುದು ನೀರು ಹೀರುವ ಬೇರಲ್ಲ, ಮರವನ್ನು ನಿಲ್ಲಿಸಿರುವ ಬೇರು. ಐದು ಪಟ್ಟಿನ ಆಚೆ, ಅಂದರೆ 225 ಸೆಂ.ಮೀ. ದಾಟಿದ ಮೇಲೆ ಕಡಿದರೆ ಆರೋಗ್ಯವಾಗಿರುವ ಮರ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ಅದೂ ಒಂದೇ ಬದಿಯಲ್ಲಿ ಕಡಿದರೆ ಮಾತ್ರ. ಒಂದು ಕಡೆ ಫುಟ್‌ಪಾತಿಗೆ, ಇನ್ನೊಂದು ಕಡೆ ಚರಂಡಿಗೆ ಅಂತ ಎರಡೂ ಬದಿ ಕಡಿದ ಮರ ಬರೀ ತನ್ನ ತೂಕದ ಮೇಲೆ ನಿಂತಿರುತ್ತದೆ.

ಕಡಿದ ಮೇಲೂ ಎಲೆ ಹಸಿರಾಗೇ ಇರುವುದರಿಂದ ಎಲ್ಲರೂ ಮೋಸ ಹೋಗುತ್ತಾರೆ. ಉಳಿದ ಬೇರುಗಳು ನೀರು ಕೊಡುತ್ತಲೇ ಇರುತ್ತವೆ, ಕಾಂಡದಲ್ಲಿ ಕೂಡಿಟ್ಟ ಆಹಾರವೂ ಇರುತ್ತದೆ. ಆಧಾರ ಹೋಗಿದೆ ಅನ್ನುವುದು ಗೊತ್ತಾಗುವುದು ಮಣ್ಣು ಚೆನ್ನಾಗಿ ನೆನೆದು ಜೋರು ಗಾಳಿ ಬೀಸಿದಾಗ. ಕಡಿದ ಬಾಯಿಯಿಂದ ಕೊಳೆ ನಿಧಾನಕ್ಕೆ ಬುಡಕ್ಕೆ ಹತ್ತುವುದು ಬೇರೆ. ಹಾಗಾಗಿ ಮೂರು ಪಟ್ಟಿನೊಳಗೆ ಕಡಿಯುವ ಮಾತು ಬಂದರೆ, ಅದನ್ನು ಫುಟ್‌ಪಾತ್ ರಿಪೇರಿ ಅಂತ ನೋಡದೆ ಮರ ತೆಗೆಯುವ ತೀರ್ಮಾನ ಅಂತಲೇ ನೋಡಬೇಕು.

ಮರುಪ್ರಶ್ನೆ: ಅಷ್ಟು ಜಾಗ ಇದ್ದರೂ ಬೇರು ಕಾಂಕ್ರೀಟಿನ ಕೆಳಗೇ ಯಾಕೆ ಬರುತ್ತದೆ?

ಉತ್ತರ (ವೃಕ್ಷತಜ್ಞ): ಅಲ್ಲಿ ಅದಕ್ಕೆ ಬೇಕಾದ್ದೆಲ್ಲ ಸಿಗುತ್ತದೆ. ಚಪ್ಪಡಿ ಹಾಕುವ ಮುಂಚೆ ಮಣ್ಣನ್ನು ಗಟ್ಟಿಯಾಗಿ ದಮ್ಮಸ್ಸು ಮಾಡಿರುತ್ತಾರೆ, ಆ ಮಣ್ಣಿನೊಳಗೆ ಬೇರು ಇಳಿಯಲಾರದು. ಆದರೆ ಕಾಲಕ್ರಮೇಣ ಮಣ್ಣು ಸ್ವಲ್ಪ ಕುಸಿದು ಚಪ್ಪಡಿಗೂ ಮಣ್ಣಿಗೂ ನಡುವೆ ತೆಳುವಾದ ಸಂದಿ ಬೀಳುತ್ತದೆ. ರಾತ್ರಿ ಕಾಂಕ್ರೀಟ್ ತಣಿದಾಗ ಅದರ ತಳದಲ್ಲಿ ತೇವ ಕಟ್ಟುತ್ತದೆ, ಜಾಯಿಂಟುಗಳಿಂದ ಗಾಳಿ ಇಳಿಯುತ್ತದೆ. ದಾರದಷ್ಟು ಸಣ್ಣ ಬೇರು ಅಲ್ಲಿ ನುಸುಳಿ ವರ್ಷವರ್ಷಕ್ಕೆ ದಪ್ಪವಾಗುತ್ತದೆ. ಮೊದಲು ಎತ್ತಿದ್ದು ಬೇರೇ ಅಂತ ಹೇಳಲೂ ಆಗದು. ಎಷ್ಟೋ ಸಲ ತಳಪಾಯ ಸರಿಯಿಲ್ಲದೆ ಚಪ್ಪಡಿ ಮೊದಲೇ ಬಿರುಕು ಬಿಟ್ಟಿರುತ್ತದೆ, ಬೇರು ಆಮೇಲೆ ಬಂದು ಹೆಸರು ಕೆಡಿಸಿಕೊಳ್ಳುತ್ತದೆ.

ಉತ್ತರ (ಸಿವಿಲ್ ಎಂಜಿನಿಯರ್): ಕೆಲಸದ ಕಡೆಯಿಂದ ಹೇಳುವುದಾದರೆ, 4 ಸೆಂ.ಮೀ. ಎತ್ತರವನ್ನು ಹಾಗೇ ಬಿಡುವಂತಿಲ್ಲ. ಅಮೆರಿಕದ ಅಂಗವಿಕಲರ ಪ್ರವೇಶ ನಿಯಮದಲ್ಲಿ ಸುಮಾರು 6 ಮಿ.ಮೀ. ಎತ್ತರ ನೇರವಾಗಿ ಇರಬಹುದು, 13 ಮಿ.ಮೀ.ವರೆಗೆ ಅಂಚನ್ನು ಓರೆ ಮಾಡಿರಬೇಕು, ಅದಕ್ಕಿಂತ ಹೆಚ್ಚಾದರೆ ಇಳಿಜಾರು ಕೊಡಬೇಕು. ನಿಮ್ಮದು ಮೂರನೆಯದು. ಉಜ್ಜಿ ಸಮ ಮಾಡೋಣ ಅಂದರೆ 10 ಸೆಂ.ಮೀ. ದಪ್ಪದ ಚಪ್ಪಡಿಯಲ್ಲಿ ಎರಡೂವರೆ ಸೆಂ.ಮೀ.ವರೆಗೆ ಸರಿ, ನಾಲ್ಕು ಉಜ್ಜಿದರೆ ಅಂಚಿನಲ್ಲಿ ಆರು ಉಳಿದು ಮುರಿಯುತ್ತದೆ.

ಈ ವಾರವೇ ಮಾಡಬೇಕಾದ್ದು ಡಾಂಬರಿನ ಓರೆ ಪಟ್ಟಿ. 1:12 ಇಳಿಜಾರಿಗೆ 4 ಸೆಂ.ಮೀ. ಎತ್ತರಕ್ಕೆ 48 ಸೆಂ.ಮೀ. ಉದ್ದ ಬೇಕು. ಜನ ಒಂದಡಿಗೇ ಮುಗಿಸಿಬಿಡುತ್ತಾರೆ, ಅದು ಗಾಲಿಕುರ್ಚಿಗೆ ಗೋಡೆಯಿದ್ದ ಹಾಗೆ. ಅಂಚು ತೀರಾ ತೆಳುವಾಗಿದ್ದರೆ ಕಿತ್ತು ಬರುತ್ತದೆ, ಆದ್ದರಿಂದ ಕೊನೆಯಲ್ಲಿ ಕಾಂಕ್ರೀಟಿಗೆ ಸಣ್ಣ ಕಚ್ಚು ಕತ್ತರಿಸಿ ಡಾಂಬರನ್ನು ಅದರೊಳಗೆ ಕೂರಿಸಬೇಕು.

ಶಾಶ್ವತ ರಿಪೇರಿಗೆ ಬೇರನ್ನು ಇಳಿಸಲು ಹೋಗದೆ ಫುಟ್‌ಪಾತನ್ನೇ ಎತ್ತಿ. ಚಪ್ಪಡಿಯನ್ನು ಗರಗಸದಿಂದ ತುಂಡು ಮಾಡಿ ಕೈಯಲ್ಲಿ ತೆಗೆಸಿ. ಜೆಸಿಬಿ ಬಕೆಟ್ ಬೇರನ್ನು ಕತ್ತರಿಸುವುದಿಲ್ಲ, ಬುಡದ ತನಕ ಸೀಳುತ್ತದೆ. ಮಣ್ಣನ್ನು ಗಾಳಿ ಒತ್ತಡದ ಉಪಕರಣದಿಂದ ಅಥವಾ ಕೈ ಸಲಿಕೆಯಿಂದ ಸರಿಸಿದರೆ ಬೇರು ಪೂರ್ತಿ ಕಾಣುತ್ತದೆ. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ), ಅದರ ಮೇಲೆ ಪುಡಿ ಇಲ್ಲದ ಒಂದೇ ಅಳತೆಯ ಜಲ್ಲಿ. ಬೇರಿನ ನೆತ್ತಿಯ ಮೇಲೆ 3 ಸೆಂ.ಮೀ. ಇದ್ದರೆ ಸಾಕು, ಪಕ್ಕಗಳಲ್ಲಿ 10ರಿಂದ 15. ದಪ್ಪ ಜಲ್ಲಿಯ ನಡುವೆ ತೇವ ನಿಲ್ಲುವುದಿಲ್ಲವಾದ್ದರಿಂದ ಹೊಸ ಬೇರಿಗೆ ಅಲ್ಲಿ ಆಸಕ್ತಿ ಕಡಿಮೆ. ಅದರ ಮೇಲೆ ಸರಳಿನ ಜಾಲರಿ ಹಾಕಿದ ಚಪ್ಪಡಿ, ಬೇರಿನ ಎರಡೂ ಬದಿಯ ಗಟ್ಟಿ ನೆಲದ ಮೇಲೆ ಸಣ್ಣ ಸೇತುವೆಯಂತೆ ಕೂರುವ ಹಾಗೆ.

ಈಗ ಲೆಕ್ಕ. ಹಳೆಯ ಮಟ್ಟಕ್ಕಿಂತ ಈಗಿರುವ 4, ಬೇರು ಬೆಳೆಯಲು 3, ಒಟ್ಟು 7 ಸೆಂ.ಮೀ. 1:20 ಇಳಿಜಾರು ಹಿಡಿದರೆ ಎರಡೂ ಕಡೆ 140 ಸೆಂ.ಮೀ. ಬೇಕು, ಅಂದರೆ ಅಕ್ಕಪಕ್ಕದ ಚಪ್ಪಡಿಗಳನ್ನೂ ತೆಗೆದು ಹಾಕಬೇಕು. ಒಂದೇ ಚಪ್ಪಡಿ ಬದಲಿಸಿ ಹೋದವರ ಕೆಲಸ ಮತ್ತೆ ಮೆಟ್ಟಿಲಾಗುವುದು ಇದರಿಂದಲೇ. ಅಡ್ಡ ಇಳಿಜಾರು, ಅಂದರೆ ಫುಟ್‌ಪಾತಿನ ಅಗಲದ ದಿಕ್ಕಿನದು, ಶೇ. 2 ದಾಟದಿರಲಿ. ಜಾಯಿಂಟಿನಲ್ಲಿ ಒಂದು ತುದಿಗೆ ಗ್ರೀಸ್ ಹಚ್ಚಿದ ನುಣುಪು ಸರಳು ಇಟ್ಟರೆ ಮುಂದೆ ಬೇರು ಒತ್ತಿದರೂ ಎರಡು ಚಪ್ಪಡಿ ಒಟ್ಟಿಗೆ ಏಳುತ್ತವೆ, ಎಡವುವ ಅಂಚು ಹುಟ್ಟುವುದಿಲ್ಲ. ತೀರಾ ಸಣ್ಣ ಖರ್ಚು, ಆದರೂ ಯಾರೂ ಹಾಕುವುದಿಲ್ಲ.

ಮರುಪ್ರಶ್ನೆ (ಇನ್ನೊಬ್ಬರು): ಚಪ್ಪಡಿ ಬದಲು ಇಂಟರ್‌ಲಾಕ್ ಪೇವರ್ ಬಿಲ್ಲೆ ಹಾಕಿದರೆ ಆಗಲ್ವಾ?

ಉತ್ತರ (ಸಿವಿಲ್ ಎಂಜಿನಿಯರ್): ಆಗುತ್ತದೆ. ಬೇರು ಎತ್ತಿದಾಗ ಬಿಚ್ಚಿ ಮತ್ತೆ ಕೂರಿಸಬಹುದು, ಅದೇ ಅದರ ಲಾಭ. ಆದರೆ ಬಿಚ್ಚಿ ಕೂರಿಸುವವರು ಇರಬೇಕು. ಅಂಚಿನ ಕಟ್ಟು ಇಲ್ಲದಿದ್ದರೆ ಪೇವರ್ ಹರಡಿಕೊಂಡು ಸಂದಿ ಬಿಡುತ್ತವೆ. ಬೇರಿರುವ ಜಾಗದಲ್ಲಿ ಕಂಪನ ಯಂತ್ರ ಓಡಿಸಬೇಡಿ, ರಬ್ಬರ್ ಸುತ್ತಿಗೆ ಸಾಕು.

ಇನ್ನೊಂದು ದಾರಿ, ಮರದ ಪಾತಿಯನ್ನು ಹಿಗ್ಗಿಸುವುದು. ನಡೆಯಲು ಕನಿಷ್ಠ 1.2 ಮೀಟರ್ ಉಳಿಯುವುದಾದರೆ ಎದ್ದ ಚಪ್ಪಡಿಯ ಮೂಲೆಯನ್ನೇ ಕತ್ತರಿಸಿ ತೆಗೆಯಬಹುದು. ಉಳಿಯದಿದ್ದರೆ ಪಾರ್ಕಿಂಗ್ ಜಾಗದಲ್ಲಿ ಸ್ವಲ್ಪ ತೆಗೆದುಕೊಂಡು ಫುಟ್‌ಪಾತನ್ನು ಮರದ ಸುತ್ತ ಬಳಸಿ ಒಯ್ಯಬೇಕು, ಇದಕ್ಕೆ ನಗರಾಡಳಿತದ ಒಪ್ಪಿಗೆ ಬೇಕು.

ಪ್ರಶ್ನೆ: ಬೇರು ತಡೆಯುವ ಪ್ಲಾಸ್ಟಿಕ್ ಫಲಕ ಸಿಗುತ್ತಲ್ಲ, ಅದನ್ನು ಈಗ ಹೂಳಬಹುದೇ?

ಉತ್ತರ (ಸಿವಿಲ್ ಎಂಜಿನಿಯರ್): ಈಗ ಹೂಳಬೇಕಾದರೆ ಕಾಲುವೆ ತೋಡಬೇಕು, ತೋಡಿದರೆ ಅದೇ ಬೇರು ಕಡಿದ ಹಾಗಾಯಿತು. ಅದು ಹೊಸ ಗಿಡ ನೆಡುವಾಗಿನ ಸಾಮಾನು. 45ರಿಂದ 60 ಸೆಂ.ಮೀ. ಆಳ, ಫುಟ್‌ಪಾತಿನ ಅಂಚಿನುದ್ದಕ್ಕೂ ಒಂದೇ ನೇರ ಸಾಲು. ಗಿಡದ ಸುತ್ತ ಡಬ್ಬಿ ಕಟ್ಟಿದರೆ ಬೇರು ಒಳಗೇ ಸುತ್ತಿಕೊಳ್ಳುತ್ತದೆ. ಮೇಲಂಚು ಮಣ್ಣಿನಿಂದ ಒಂದೆರಡು ಸೆಂ.ಮೀ. ಹೊರಗಿರಲಿ, ಇಲ್ಲದಿದ್ದರೆ ಬೇರು ಹತ್ತಿ ದಾಟುತ್ತದೆ.

ಉತ್ತರ (ವೃಕ್ಷತಜ್ಞ): ಎಂಜಿನಿಯರ್ ಸಾಹೇಬರಿಗೆ ಈ ಫಲಕದ ಮೇಲೆ ನನಗಿಂತ ನಂಬಿಕೆ ಜಾಸ್ತಿ. ಬೇರು ಫಲಕದ ಕೆಳಗೆ ಹೋಗಿ ಆಚೆ ಮತ್ತೆ ಮೇಲೆ ಬರುತ್ತದೆ, ಕೆಳಗಿನ ಮಣ್ಣು ಗಟ್ಟಿ ಇದ್ದು ಗಾಳಿ ಇಲ್ಲದಿದ್ದರೆ ಇನ್ನೂ ಬೇಗ. ಅದು ಸಮಸ್ಯೆಯನ್ನು ಕೆಲವು ವರ್ಷ ಮುಂದೂಡುತ್ತದೆ, ಅಷ್ಟೇ.

ನಿಜವಾಗಿ ಕೊಡಬೇಕಾದ್ದು ಮಣ್ಣು. ಮರ ದೊಡ್ಡದಾದಾಗ ಅದರ ನೆರಳು ಬೀಳುವ ಪ್ರತಿ ಚದರ ಮೀಟರಿಗೆ 0.3ರಿಂದ 0.6 ಘನ ಮೀಟರ್ ಸಡಿಲ ಮಣ್ಣು ಬೇಕು. ಹರವು 8 ಮೀಟರ್ ಅಂದರೆ ನೆರಳು ಸುಮಾರು 50 ಚದರ ಮೀಟರ್, ಮಣ್ಣು 15ರಿಂದ 30 ಘನ ಮೀಟರ್. ನಾವು ತೋಡುವ ಗುಂಡಿ ಒಂದು ಮೀಟರ್ ಉದ್ದ, ಅಗಲ, ಆಳ, ಅಂದರೆ ಒಂದು ಘನ ಮೀಟರ್. ಉಳಿದದ್ದನ್ನು ಮರ ತಾನೇ ಹುಡುಕಿಕೊಳ್ಳಬೇಕು, ಹುಡುಕುವಾಗ ಮೊದಲು ಸಿಗುವುದೇ ಚಪ್ಪಡಿಯ ತಳದ ಸಂದಿ. ಬಿಡಿ ಗುಂಡಿಗಳ ಬದಲು ಮರದಿಂದ ಮರಕ್ಕೆ ಒಂದೇ ಉದ್ದನೆಯ ಮಣ್ಣಿನ ಕಾಲುವೆ ಮಾಡಿದರೆ ಅಕ್ಕಪಕ್ಕದ ಮರಗಳು ಹಂಚಿಕೊಳ್ಳುತ್ತವೆ. ಫುಟ್‌ಪಾತಿನ ಕೆಳಗೇ ಮಣ್ಣು ಕೊಡಬೇಕೆಂದರೆ ಕಾರ್ನೆಲ್ ವಿಶ್ವವಿದ್ಯಾಲಯ 1990ರ ದಶಕದಲ್ಲಿ ರೂಪಿಸಿದ ಜಲ್ಲಿ-ಮಣ್ಣಿನ ಮಿಶ್ರಣವಿದೆ. ತೂಕದಲ್ಲಿ ಹೆಚ್ಚುಕಡಿಮೆ ನಾಲ್ಕು ಪಾಲು ಜಲ್ಲಿ, ಒಂದು ಪಾಲು ಜೇಡಿ ಬೆರೆತ ಗೋಡುಮಣ್ಣು. ದಮ್ಮಸ್ಸು ಮಾಡಿದರೂ ಜಲ್ಲಿ ಭಾರ ಹೊರುತ್ತದೆ, ನಡುವಿನ ಮಣ್ಣು ಸಡಿಲ ಉಳಿಯುತ್ತದೆ. ಆದರೆ ಮಣ್ಣಿನ ಪಾಲು ಕಡಿಮೆ, ಆದ್ದರಿಂದ ಅಳತೆ ಹೆಚ್ಚಿಸಬೇಕು. ಭಾರ ಹೊರುವ ಪ್ಲಾಸ್ಟಿಕ್ ಚೌಕಟ್ಟುಗಳ ಒಳಗೆ ಮಣ್ಣು ತುಂಬುವ ಪದ್ಧತಿ ಇನ್ನೂ ಒಳ್ಳೆಯದು, ಖರ್ಚೂ ಇನ್ನೂ ಹೆಚ್ಚು.

ಪ್ರಶ್ನೆ (ಮೂರನೇ ಮಹಡಿಯವರು): ನಮ್ಮ ಬಾಲ್ಕನಿಯಿಂದ ಕೆರೆ ಕಾಣುತ್ತಿತ್ತು, ಈಗ ಅದೇ ಮರ ಅಡ್ಡ ಬಂದಿದೆ. ನೆತ್ತಿಯಿಂದ ಮೂರು ಮೀಟರ್ ಕತ್ತರಿಸಿದರೆ ಮರವೇನೂ ಸಾಯುವುದಿಲ್ಲವಲ್ಲ?

ಉತ್ತರ (ವೃಕ್ಷತಜ್ಞ): ತಕ್ಷಣಕ್ಕೆ ಸಾಯುವುದಿಲ್ಲ ಮೇಡಂ, ಆದರೆ ಕೆರೆಯೂ ಕಾಣುವುದಿಲ್ಲ. ನೆತ್ತಿ ಬೋಳಿಸಿದ ಕಡೆ ಹತ್ತಾರು ಚಿಗುರು ಒಟ್ಟಿಗೆ ನುಗ್ಗುತ್ತವೆ. ಎರಡು ಮೂರು ವರ್ಷದಲ್ಲಿ ಅದೇ ಎತ್ತರ, ಮೊದಲಿಗಿಂತ ದಟ್ಟ ಪೊದೆ. ಆ ಚಿಗುರುಗಳು ತೊಗಟೆಯ ಪಕ್ಕದಲ್ಲಿ ಮೇಲುಮೇಲಕ್ಕೆ ಅಂಟಿಕೊಂಡಿರುತ್ತವೆ, ಕೆಳಗಿನ ದೊಡ್ಡ ಗಾಯ ಅಷ್ಟರಲ್ಲಿ ಪೊಟರೆಯಾಗುತ್ತಿರುತ್ತದೆ. ದಪ್ಪಗಾದಾಗ ಮುರಿದು ಬೀಳುವುದು ಅವೇ.

ನೋಟ ಬೇಕಿದ್ದರೆ ಕಿಟಕಿ ತೆರೆಸಿ: ನಿಮ್ಮ ಕಣ್ಣಿನ ನೇರಕ್ಕೆ ಬರುವ ಕೆಲವೇ ರೆಂಬೆಗಳನ್ನು ಆರಿಸಿ ತೆಗೆಯುವುದು. ಕೊಂಬೆಯನ್ನು ಗಿಡ್ಡ ಮಾಡಬೇಕಾದರೆ ಎಲ್ಲೆಂದರಲ್ಲಿ ಕತ್ತರಿಸದೆ ಪಕ್ಕದ ರೆಂಬೆಯ ತನಕ ಬನ್ನಿ, ಆ ರೆಂಬೆ ಕತ್ತರಿಸುವ ಕೊಂಬೆಯ ದಪ್ಪದ ಮೂರನೇ ಒಂದಾದರೂ ಇರಬೇಕು. ಒಂದು ವರ್ಷಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಎಲೆ ತೆಗೆಯಬಾರದು, ವಯಸ್ಸಾದ ಮರದಲ್ಲಿ ಅದಕ್ಕೂ ಕಡಿಮೆ. ಒಳಗಿನ ರೆಂಬೆಯನ್ನೆಲ್ಲ ಸವರಿ ತುದಿಯಲ್ಲಿ ಮಾತ್ರ ಎಲೆಗೊಂಚಲು ಬಿಡುವುದೂ ತಪ್ಪು, ಗಾಳಿಗೆ ಭಾರವೆಲ್ಲ ತುದಿಗೇ ಬಿದ್ದು ಕೊಂಬೆ ನಡುವೆ ಸೀಳುತ್ತದೆ.

ದಪ್ಪ ಕೊಂಬೆಗೆ ಮೂರು ಕೊಯ್ತ. ಮೊದಲನೆಯದು ಕಾಂಡದಿಂದ ಸುಮಾರು 30 ಸೆಂ.ಮೀ. ಆಚೆ, ಕೆಳಗಿನಿಂದ, ಮೂರನೇ ಒಂದು ಭಾಗದ ತನಕ. ಎರಡನೆಯದು ಅದಕ್ಕಿಂತ ಕೆಲವು ಸೆಂ.ಮೀ. ಹೊರಗೆ, ಮೇಲಿನಿಂದ, ಕೊಂಬೆ ಇಲ್ಲಿ ಬೀಳುತ್ತದೆ, ತೊಗಟೆ ಸುಲಿಯುವುದಿಲ್ಲ. ಮೂರನೆಯದು ಉಳಿದ ಮೋಟಿಗೆ, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಉಂಗುರವಿರುತ್ತದಲ್ಲ, ಅದರ ಹೊರಗೆ. ಉಂಗುರವನ್ನು ಕಾಂಡದ ಸಮಕ್ಕೆ ಕೆತ್ತಿಬಿಟ್ಟರೆ ಗಾಯ ಮುಚ್ಚುವ ಜೀವಕೋಶವೇ ಹೋಯಿತು, ಮೋಟು ಬಿಟ್ಟರೆ ಅದು ಕೊಳೆಯುತ್ತದೆ. ಬಣ್ಣ, ಡಾಂಬರು ಏನೂ ಬಳಿಯಬೇಡಿ, ಅದರಿಂದ ಕೊಳೆ ನಿಲ್ಲುವುದಿಲ್ಲ.

ಇದೆಲ್ಲ ಅನುಮತಿ ಸಿಕ್ಕ ಮೇಲಿನ ಮಾತು. ಬೀದಿಮರ ಸಾಮಾನ್ಯವಾಗಿ ನಗರದ ಸ್ವತ್ತು, ನೋಟ ಮನೆಯವರ ಹಕ್ಕು ಅಂತ ಬಹುತೇಕ ಕಡೆ ಪರಿಗಣಿಸುವುದಿಲ್ಲ. ಆಸ್ಟ್ರೇಲಿಯಾದಲ್ಲಿ ನೋಟಕ್ಕಾಗಿ ಮರಕ್ಕೆ ವಿಷ ಹಾಕಿದ ಕಡೆ ಸ್ಥಳೀಯ ಆಡಳಿತಗಳು ಅದೇ ನೋಟಕ್ಕೆ ಅಡ್ಡಲಾಗಿ ದೊಡ್ಡ ಫಲಕ ನಿಲ್ಲಿಸಿದ್ದುಂಟು. ನನಗಂತೂ ಆ ಉಪಾಯ ಇಷ್ಟ.

ಪ್ರಶ್ನೆ: ಖರ್ಚು ಯಾರದ್ದು? ಮರ ನಗರದ್ದಾದರೆ ಫುಟ್‌ಪಾತೂ ಅವರೇ ಮಾಡಿಸಬೇಕಲ್ವಾ?

ಉತ್ತರ (ಸಿವಿಲ್ ಎಂಜಿನಿಯರ್): ಒಂದೊಂದು ಊರಲ್ಲಿ ಒಂದೊಂದು ಕಟ್ಟಳೆ. ಕೆಲವೆಡೆ ಫುಟ್‌ಪಾತಿಗೆ ಹೊಂದಿಕೊಂಡ ಆಸ್ತಿಯವರದ್ದೇ ಹೊಣೆ. ಹಾಗಿದ್ದಾಗ ಯಾರು ಕಡಿಮೆಗೆ ಒಪ್ಪುತ್ತಾರೋ ಅವರಿಂದ ಬೇರು ಕಡಿಸಿ ತೇಪೆ ಹಾಕಿಸುವುದೇ ನಡೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2016ರ ನವೆಂಬರಿನಲ್ಲಿ ಮತದಾರರೇ ಒಪ್ಪಿಗೆ ಕೊಟ್ಟು, 2017ರ ಜುಲೈಯಿಂದ ಬೀದಿಮರಗಳ ಆರೈಕೆಯನ್ನೂ ಅವುಗಳಿಂದಾದ ಫುಟ್‌ಪಾತ್ ರಿಪೇರಿಯನ್ನೂ ನಗರವೇ ವಹಿಸಿಕೊಂಡಿತು. ತದ್ವಿರುದ್ಧ ಉದಾಹರಣೆ ಇಂಗ್ಲೆಂಡಿನ ಶೆಫೀಲ್ಡ್. ರಸ್ತೆ ನವೀಕರಣದ ದೀರ್ಘ ಗುತ್ತಿಗೆಯಲ್ಲಿ ಸಾವಿರಾರು ಬೀದಿಮರ ಹೋದವು, ಅದರಲ್ಲಿ ಎಷ್ಟೋ ಆರೋಗ್ಯವಾಗಿದ್ದವು. ಜನ ಬೀದಿಗಿಳಿದರು, ಸ್ವತಂತ್ರ ವಿಚಾರಣೆಯ ವರದಿ 2023ರಲ್ಲಿ ಹೊರಬಂತು.

ನೀವು ಅರ್ಜಿ ಹಾಕುವಾಗ ಕಾಂಡದ ಸುತ್ತಳತೆ, ಕಾಂಡದಿಂದ ಅಂಚಿನ ದೂರ, ಚಪ್ಪಡಿ ಎದ್ದ ಎತ್ತರ, ಉಳಿದಿರುವ ನಡೆದಾಡುವ ಅಗಲ ಬರೆಯಿರಿ. ಅಳತೆಪಟ್ಟಿ ಕಾಣುವಂತೆ ಫೋಟೋ ಇರಲಿ. "ಮರ ತೊಂದರೆ ಕೊಡುತ್ತಿದೆ" ಅಂತ ಬರೆದ ಅರ್ಜಿ ಮರ ಕಡಿಯುವವರ ಮೇಜಿಗೆ ಹೋಗುತ್ತದೆ, "ಚಪ್ಪಡಿ 4 ಸೆಂ.ಮೀ. ಎದ್ದಿದೆ" ಅಂತ ಬರೆದದ್ದು ರಸ್ತೆ ವಿಭಾಗಕ್ಕೆ ಹೋಗುತ್ತದೆ.

ಪ್ರಶ್ನೆ: ಪಕ್ಕದ ಮರದ ಬೇರನ್ನು ಕೇಬಲ್ ಹಾಕುವವರು ಹೋದ ವರ್ಷವೇ ಕಡಿದಿದ್ದಾರೆ. ಅದು ಅಪಾಯವೇ ಅಂತ ತಿಳಿಯುವುದು ಹೇಗೆ?

ಉತ್ತರ (ವೃಕ್ಷತಜ್ಞ): ಕಾಲುವೆ ಕಾಂಡದಿಂದ ಎಷ್ಟು ದೂರ ಹೋಗಿದೆ ಅಂತ ಮೊದಲು ಅಳೆಯಿರಿ. ಮೂರು ಪಟ್ಟಿನೊಳಗಿದ್ದರೆ ಲಕ್ಷಣಕ್ಕೆ ಕಾಯದೆ ಈಗಲೇ ತಜ್ಞರಿಂದ ತಪಾಸಣೆ ಮಾಡಿಸಿ. ದೂರವಿದ್ದರೆ ಬುಡ ನೋಡುತ್ತಿರಿ: ಕಡಿದ ಬದಿಯಲ್ಲಿ ಮಣ್ಣು ಉಬ್ಬಿ ಅರ್ಧಚಂದ್ರಾಕಾರದ ಬಿರುಕು ಬಿಟ್ಟಿದೆಯೇ, ಗಾಳಿ ಬೀಸಿದಾಗ ಅಲ್ಲಿನ ನೆಲ ಮೇಲೆ ಕೆಳಗೆ ಆಡುತ್ತದೆಯೇ, ಬುಡದಲ್ಲಿ ಅಣಬೆ ಬಂದಿದೆಯೇ, ಹಿಂದೆ ಇಲ್ಲದ ವಾಲು ಕಾಣುತ್ತಿದೆಯೇ. ಹುಟ್ಟಿನಿಂದ ವಾಲಿದ ಮರದ ತುದಿ ಮತ್ತೆ ನೇರಕ್ಕೆ ತಿರುಗಿರುತ್ತದೆ, ಈಚೆಗೆ ವಾಲಿದ್ದರ ತುದಿಯೂ ಅದೇ ದಿಕ್ಕಿಗೆ ವಾಲಿರುತ್ತದೆ. ಹೊಸ ವಾಲು ಅಥವಾ ನೆಲದ ಬಿರುಕು ಕಂಡರೆ ಕೆಳಗೆ ಗಾಡಿ ನಿಲ್ಲಿಸಲು ಬಿಡಬೇಡಿ, ಅದೇ ದಿನ ನಗರಾಡಳಿತದ ತುರ್ತು ವಿಭಾಗಕ್ಕೆ ತಿಳಿಸಿ.