ಬಡ್ಡಿ, ಲಾಭಾಂಶ, ಇಳುವರಿ, ಪ್ರತಿಫಲ: 61 ಪದ ಬರೆದುಕೊಂಡೆ, ಅರ್ಥ ಮಾತ್ರ ಆಗುತ್ತಿಲ್ಲ

ಕರಡಚ್ಚು:

ನಾನು ಪುಸ್ತಕಗಳ ಕರಡು ತಿದ್ದುವವಳು. ಹೊಸ ಪದ ಎದುರಾದರೆ ಅದರ ಅರ್ಥ ಖಚಿತವಾಗದೆ ಮುಂದಿನ ಸಾಲಿಗೆ ಹೋಗಲಾರೆ. ಎರಡು ತಿಂಗಳ ಹಿಂದೆ ಷೇರು ಖಾತೆ ತೆರೆದೆ. ಅಂದಿನಿಂದ ಪರದೆಯ ಮೇಲೆ ಕಂಡ ಪದಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ. ಈಗ 61 ಪದಗಳಾಗಿವೆ, ಒಂದೊಂದರ ಮುಂದೆ ಒಂದು ಸಾಲಿನ ವಿವರಣೆಯೂ ಇದೆ. ಆದರೂ ಕಳೆದ ವಾರ ಎರಡು ತಪ್ಪು ಮಾಡಿದೆ. ಎರಡೂ ಕಡೆ ನನ್ನನ್ನು ಮುಗ್ಗರಿಸಿದ ಪದ ನೋಟ್‌ಬುಕ್‌ನಲ್ಲಿ ಇದ್ದದ್ದೇ.

ಒಂದು ಸಣ್ಣ ಕಂಪನಿಯ ಷೇರಿನ ಬೆಲೆ 212 ಎಂದು ಕಾಣುತ್ತಿತ್ತು. 200 ಷೇರು ಬೇಕೆಂದು ‘ಮಾರ್ಕೆಟ್ ಆರ್ಡರ್’ ಹಾಕಿದೆ. ಖರೀದಿ ಮುಗಿದಾಗ ಸರಾಸರಿ ಬೆಲೆ 219.70 ಆಗಿತ್ತು. ಷೇರೊಂದಕ್ಕೆ 7.70 ಹೆಚ್ಚು! ಯಾರೋ ನಡುವೆ ಕೈಯಾಡಿಸಿದರು ಎಂದೇ ಅನ್ನಿಸಿತು.

ಇನ್ನೊಂದು ಕಂಪನಿ ಷೇರಿಗೆ 6ರಂತೆ ಲಾಭಾಂಶ ಘೋಷಿಸಿತ್ತು. ‘ಎಕ್ಸ್-ಡಿವಿಡೆಂಡ್ ದಿನಾಂಕ’ ಎಂದಿದ್ದ ದಿನದ ಬೆಳಿಗ್ಗೆಯೇ ಕೊಂಡೆ, ಲಾಭಾಂಶದ ದಿನ ಅದೇ ಎಂದು ತಿಳಿದು. ಲಾಭಾಂಶ ಬರುವುದಿಲ್ಲವೆಂದು ಆಮೇಲೆ ಗೊತ್ತಾಯಿತು.

ನೋಟ್‌ಬುಕ್ ತೆರೆದು ನೋಡಿದರೆ ಬಡ್ಡಿ, ಲಾಭಾಂಶ, ಇಳುವರಿ, ಬಂಡವಾಳ ಗಳಿಕೆ, ಪ್ರತಿಫಲ ಈ ಐದಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಬರೆದಿದ್ದೇನೆ: ‘ಹಾಕಿದ ಹಣದಿಂದ ಬರುವ ಲಾಭ’. ಒಂದೇ ಅರ್ಥವಾದರೆ ಐದು ಪದಗಳು ಏಕೆ ಬೇಕಾದವು? ಯಾವ ಷೇರು ಕೊಳ್ಳಲಿ ಎಂದು ನಾನು ಕೇಳುತ್ತಿಲ್ಲ. ಈ ಪದಗಳನ್ನು ಹೇಗೆ ಓದಬೇಕು ಎಂಬುದನ್ನು ಬಲ್ಲವರು ತಿಳಿಸಿ.

ಹಳೆಯ ಮೇಜು:

ಮೇಡಂ, ಷೇರು ದಲ್ಲಾಳಿ ಕಚೇರಿಯೊಂದರಲ್ಲಿ ಗ್ರಾಹಕರ ಆರ್ಡರ್ ಬರೆದುಕೊಳ್ಳುವ ಮೇಜಿನಲ್ಲಿ ನಾನು 19 ವರ್ಷ ಕುಳಿತವನು. ಫೋನಿನ ಆಚೆ ಬದಿಯವರು ಒಂದು ಪದ ತಪ್ಪಿ ಹೇಳಿದರೂ ಅವರ ಹಣ ಹೋಗುತ್ತಿತ್ತು. ಆದ್ದರಿಂದ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲು ಆ 212. ದಪ್ಪ ಅಕ್ಷರದಲ್ಲಿ ಕಾಣುವ ಆ ಸಂಖ್ಯೆ ಕೊನೆಯ ವಹಿವಾಟು ನಡೆದ ಬೆಲೆ, ಅಂದರೆ ಆಗಿಹೋದ ಸಂಗತಿ. ಆ ಬೆಲೆಗೆ ನಿಮಗೆ ಕೊಡುತ್ತೇವೆ ಎಂದು ಯಾರೂ ಮಾತು ಕೊಟ್ಟಿರುವುದಿಲ್ಲ. ಮಾತು ಕೊಟ್ಟವರನ್ನು ನೋಡಬೇಕಾದರೆ ಕೆಳಗಿನ ಸಣ್ಣ ಅಕ್ಷರದ ಪಟ್ಟಿಗೆ ಹೋಗಬೇಕು. ಅಲ್ಲಿ ‘ಬಿಡ್’ ಎಂಬ ಕಡೆ ಇರುವವರು ಇಷ್ಟಕ್ಕೆ ಕೊಳ್ಳುತ್ತೇವೆ ಎನ್ನುವವರು, ‘ಆಸ್ಕ್’ ಎಂಬ ಕಡೆ ಇರುವವರು ಇಷ್ಟಕ್ಕೆ ಮಾರುತ್ತೇವೆ ಎನ್ನುವವರು. ಎರಡರ ನಡುವಿನ ಅಂತರಕ್ಕೆ ‘ಸ್ಪ್ರೆಡ್’ ಎನ್ನುತ್ತಾರೆ.

ನಿಮ್ಮ ಸರಾಸರಿಯನ್ನು ನೋಡಿದರೆ ಆ ಕ್ಷಣದ ಪಟ್ಟಿ ಹೀಗೆ ಇದ್ದಿರಬಹುದು: 213ಕ್ಕೆ 40 ಷೇರು, 217ಕ್ಕೆ 60, 224ಕ್ಕೆ 100. ಮಾರ್ಕೆಟ್ ಆರ್ಡರ್ ಎಂದರೆ ‘ಬೆಲೆ ಎಷ್ಟಾದರೂ ಸರಿ, ಈಗಲೇ ಬೇಕು’ ಎಂಬ ಅಪ್ಪಣೆ. ಯಂತ್ರ ಅದನ್ನು ಅಕ್ಷರಶಃ ಪಾಲಿಸುತ್ತದೆ. ಅಗ್ಗದ 40ನ್ನು ಮೊದಲು ಎತ್ತಿಕೊಂಡಿತು, ಅದು ಸಾಲದೆ 60ನ್ನು, ಅದೂ ಸಾಲದೆ ಕೊನೆಯ 100ನ್ನು. 8,520 ಮತ್ತು 13,020 ಮತ್ತು 22,400 ಸೇರಿ 43,940. 200ರಿಂದ ಭಾಗಿಸಿ ನೋಡಿ, 219.70 ಬರುತ್ತದೆ. ಯಾರೂ ಕೈಯಾಡಿಸಿಲ್ಲ ಮೇಡಂ, ನಿಮ್ಮ ಅಪ್ಪಣೆಯೇ ಮೆಟ್ಟಿಲು ಹತ್ತುತ್ತಾ ಹೋಯಿತು. ‘ಲಿಮಿಟ್ ಆರ್ಡರ್’ ಹಾಕಿ 214 ಎಂದು ಮಿತಿ ಬರೆದಿದ್ದರೆ 40 ಷೇರು ಮಾತ್ರ ಸಿಕ್ಕಿ, ಉಳಿದ 160 ಕಾಯುತ್ತಿದ್ದವು. ಒಂದರಲ್ಲಿ ಷೇರು ಬಹುಮಟ್ಟಿಗೆ ಖಚಿತ, ಬೆಲೆ ಅನಿಶ್ಚಿತ. ಇನ್ನೊಂದರಲ್ಲಿ ಬೆಲೆ ಖಚಿತ, ಷೇರು ಅನಿಶ್ಚಿತ. ‘ಲಿಕ್ವಿಡಿಟಿ’ ಎಂಬ ಪದವೂ ನಿಮ್ಮ 61ರಲ್ಲಿ ಇದ್ದೇ ಇರುತ್ತದೆ. ಬೆಲೆಯನ್ನು ಅಲುಗಾಡಿಸದೆ ಎಷ್ಟು ಕೊಳ್ಳಬಹುದು, ಎಷ್ಟು ಮಾರಬಹುದು ಎಂಬುದೇ ಅದು. ಆ ಷೇರಿನಲ್ಲಿ ಅದು ತೀರ ಕಡಿಮೆ ಇತ್ತು.

ಲಾಭಾಂಶದ ವಿಷಯದಲ್ಲಿ ನೀವು ಕಳೆದುಕೊಂಡದ್ದು ಏನೂ ಇಲ್ಲ. ‘ಎಕ್ಸ್’ ಎಂದರೆ ‘ಹೊರತುಪಡಿಸಿ’. ಆ ದಿನದಿಂದ ಕೊಳ್ಳುವವರಿಗೆ ಷೇರು ಲಾಭಾಂಶವಿಲ್ಲದೆ ಸಿಗುತ್ತದೆ. ಬೇಕಿದ್ದರೆ ಅದಕ್ಕೂ ಮೊದಲೇ ಕೊಂಡಿರಬೇಕು. ಕಂಪನಿಯಿಂದ 6 ಹೊರಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ, ಬೇರೆ ಸುದ್ದಿ ಏನೂ ಇಲ್ಲದಿದ್ದರೆ ಆ ಬೆಳಿಗ್ಗೆ ಬೆಲೆಯೂ ಸುಮಾರು ಅಷ್ಟೇ ಇಳಿದು ಆರಂಭವಾಗುತ್ತದೆ. ಹಿಂದಿನ ದಿನ ಕೊಂಡವರು 6 ಹೆಚ್ಚು ಕೊಟ್ಟು 6 ಪಡೆದರು. ನೀವು ಕೊಡಲೂ ಇಲ್ಲ, ಪಡೆಯಲೂ ಇಲ್ಲ.

ಈಗ ಆ ಐದು ಪದಗಳು. ಒಂದೊಂದರ ಮುಂದೆ ‘ಈ ಹಣ ಯಾರ ಕೈಯಿಂದ ಬರುತ್ತದೆ, ಅವರು ಕೊಡಲೇಬೇಕೇ’ ಎಂದು ಬರೆದು ನೋಡಿ. ಬಡ್ಡಿಯನ್ನು ನಿಮ್ಮಿಂದ ಸಾಲ ಪಡೆದವರು ಕೊಡುತ್ತಾರೆ. ಲಾಭ ಬರಲಿ ಬಿಡಲಿ, ಕೊಡಲೇಬೇಕು. ಬ್ಯಾಂಕಿನ ಠೇವಣಿಯೂ ನೀವು ಬ್ಯಾಂಕಿಗೆ ಕೊಟ್ಟ ಸಾಲವೇ. ಲಾಭಾಂಶವನ್ನು ಕಂಪನಿ ಕೊಡುತ್ತದೆ. ಈ ವರ್ಷ ಬೇಡ ಎಂದು ತೀರ್ಮಾನಿಸಿದರೆ ಸಾಮಾನ್ಯ ಷೇರುದಾರರು ಒತ್ತಾಯಿಸುವಂತಿಲ್ಲ. ಬಂಡವಾಳ ಗಳಿಕೆಯನ್ನು ಕೊಡುವವರು ಕಂಪನಿಯವರಲ್ಲ, ನಿಮ್ಮಿಂದ ಹೆಚ್ಚಿನ ಬೆಲೆಗೆ ಕೊಂಡ ಮುಂದಿನ ವ್ಯಕ್ತಿ. ಅಂಥವರು ಬರುವ ತನಕ ಅದು ಕಾಗದದ ಮೇಲಿನ ಲೆಕ್ಕ. ಇಳುವರಿಯನ್ನು ಯಾರೂ ಕೊಡುವುದಿಲ್ಲ, ಅದೊಂದು ಭಾಗಾಕಾರ: ವರ್ಷದ ಆದಾಯವನ್ನು ಇಂದಿನ ಬೆಲೆಯಿಂದ ಭಾಗಿಸಿದಾಗ ಬರುವ ಶೇಕಡಾ. ಬಂದದ್ದನ್ನೆಲ್ಲ ಕೂಡಿಸಿ, ಹೋದದ್ದನ್ನು ಕಳೆದು, ಹಾಕಿದ ಹಣಕ್ಕೆ ಹೋಲಿಸಿದರೆ ಸಿಗುವುದು ಪ್ರತಿಫಲ.

ನನ್ನ ಮೇಜಿನ ಮುಂದೆ ಬಹಳ ಜನರನ್ನು ಅಳಿಸಿದ ಪದ ಇಳುವರಿ. 100ರ ಷೇರಿಗೆ ವರ್ಷಕ್ಕೆ 5 ಲಾಭಾಂಶ ಬಂದರೆ ಇಳುವರಿ ಶೇ 5. ಕಂಪನಿ ಕಷ್ಟಕ್ಕೆ ಸಿಕ್ಕು ಬೆಲೆ 50ಕ್ಕೆ ಕುಸಿದರೆ ಪರದೆ ಶೇ 10 ಎಂದು ತೋರಿಸುತ್ತದೆ, ಏಕೆಂದರೆ ಅದು ಹಳೆಯ 5ನ್ನೇ ಹಿಡಿದುಕೊಂಡಿದೆ. ‘ಇಳುವರಿ ದುಪ್ಪಟ್ಟಾಗಿದೆ’ ಎಂದು ಜನ ಕೊಳ್ಳಲು ಬರುತ್ತಿದ್ದರು. ಕೆಲವೇ ತಿಂಗಳಲ್ಲಿ ಲಾಭಾಂಶವೇ ನಿಂತುಹೋಗುತ್ತಿತ್ತು.

ಬಾಂಡ್‌ನಲ್ಲಿಯೂ, ಅಂದರೆ ನೀವು ಕೊಟ್ಟ ಸಾಲಕ್ಕೆ ಸಿಗುವ, ಬೇರೆಯವರಿಗೆ ಮಾರಬಹುದಾದ ಪತ್ರದಲ್ಲಿಯೂ, ಇದೇ ಭಾಗಾಕಾರ ಆಟವಾಡುತ್ತದೆ. 1,000 ಮುಖಬೆಲೆ (ಅವಧಿ ಮುಗಿದಾಗ ಮರಳಿ ಬರುವ ಅಸಲು), ವರ್ಷಕ್ಕೆ 50 ಬಡ್ಡಿ, ಇನ್ನೂ 10 ವರ್ಷದ ಅವಧಿ ಇರುವ ಬಾಂಡ್ ನಿಮ್ಮಲ್ಲಿದೆ ಎನ್ನಿ. ಹೊರಗೆ ಹೊಸ ಬಾಂಡ್‌ಗಳು ಶೇ 6 ಕೊಡತೊಡಗಿದರೆ ನಿಮ್ಮ ಶೇ 5ರದ್ದನ್ನು ಪೂರ್ಣ ಬೆಲೆಗೆ ಯಾರು ಕೊಳ್ಳುತ್ತಾರೆ? ಅದರ ಬೆಲೆ ಸುಮಾರು 926ಕ್ಕೆ ಇಳಿಯುತ್ತದೆ. ಒಂದೇ ವರ್ಷ ಉಳಿದಿದ್ದರೆ ಇಳಿಕೆ 991ರವರೆಗೆ ಮಾತ್ರ. ಅವಧಿ ಉದ್ದವಾದಷ್ಟೂ ಪೆಟ್ಟು ಜೋರು.

ರಾತ್ರಿಪಾಳಿ:

ಮೇಜಿನವರು ಹೇಳಿದ್ದಕ್ಕೆ ‘ಸ್ಟಾಪ್-ಲಾಸ್’ ಅನ್ನೂ ಸೇರಿಸುತ್ತೇನೆ. ನಾನು ಆ ಪದವನ್ನು ಇದ್ದ ಹಾಗೆಯೇ ನಂಬಿದ್ದೆ: ನಷ್ಟ ಅಲ್ಲಿಗೆ ನಿಲ್ಲುತ್ತದೆ ಎಂದು. 100ಕ್ಕೆ ಕೊಂಡ ಷೇರಿಗೆ 90ರಲ್ಲಿ ಸ್ಟಾಪ್-ಲಾಸ್ ಇಟ್ಟು ಕೆಲಸಕ್ಕೆ ಹೋದೆ. ರಾತ್ರಿ ಕಂಪನಿಯ ಫಲಿತಾಂಶ ಕೆಟ್ಟದಾಗಿ ಬಂತು. ಬೆಳಿಗ್ಗೆ ಪೇಟೆ ತೆರೆದದ್ದೇ 78ಕ್ಕೆ. ನನ್ನದು 77.50ಕ್ಕೆ ಮಾರಾಟವಾಗಿತ್ತು. 90 ಎಂಬ ಬೆಲೆಗೆ ಅಂದು ಕೊಳ್ಳುವವರೇ ಇರಲಿಲ್ಲ.

ಆಮೇಲೆ ತಿಳಿಯಿತು: ಸಾಮಾನ್ಯ ಸ್ಟಾಪ್-ಲಾಸ್ ಎಂಬುದು ಆ ಬೆಲೆ ಮುಟ್ಟಿದೊಡನೆ ಮಾರ್ಕೆಟ್ ಆರ್ಡರ್ ಆಗಿ ಬದಲಾಗುವ ಸೂಚನೆ. ಸಿಕ್ಕ ಬೆಲೆಗೆ ಮಾರುತ್ತದೆ. 2010ರ ಮೇ 6ರಂದು ಅಮೆರಿಕದ ಪೇಟೆ ಕೆಲವೇ ನಿಮಿಷಗಳಲ್ಲಿ ಕುಸಿದು ಮತ್ತೆ ಮೇಲೆದ್ದಾಗ, ದೊಡ್ಡ ಕಂಪನಿಗಳ ಕೆಲವು ಷೇರುಗಳೂ ಒಂದು ಸೆಂಟ್‌ಗೆ ಕೈ ಬದಲಾಯಿಸಿದವು. ಅತಿ ವಿಪರೀತ ಬೆಲೆಯ ವಹಿವಾಟುಗಳನ್ನು ನಂತರ ರದ್ದು ಮಾಡಿದರು. ಮಿತಿ ಸೇರಿಸಿದ ‘ಸ್ಟಾಪ್-ಲಿಮಿಟ್’ ಕೂಡ ಇದೆ, ಆದರೆ ಅದರಲ್ಲಿ ಬೆಲೆ ಮಿತಿಗಿಂತ ಕೆಳಗೆ ಜಿಗಿದರೆ ಮಾರಾಟವೇ ಆಗದೆ ಷೇರು ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಲೆಕ್ಕದ ಮೇಷ್ಟ್ರು:

ಶೇಕಡಾ ಎಂಬ ಪದದ ಬಗ್ಗೆ ನನಗೊಂದು ಮಾತಿದೆ, ಏಕೆಂದರೆ ಎಲ್ಲರೂ ಅದು ಗೊತ್ತೆಂದುಕೊಂಡಿರುತ್ತಾರೆ. ಶೇ 50 ಇಳಿದು ಶೇ 50 ಏರಿದರೆ ಹಣ ಮೊದಲಿನಷ್ಟಾಗುವುದಿಲ್ಲ. 100 ಇದ್ದದ್ದು 50 ಆಗಿ, ನಂತರ 75 ಆಗುತ್ತದೆ. 50ರಿಂದ ಅಸಲಿಗೆ ಮರಳಲು ಶೇ 100 ಏರಬೇಕು.

ಚಕ್ರಬಡ್ಡಿಗೆ ಒಂದು ಸುಲಭ ಸೂತ್ರವಿದೆ: 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ದುಪ್ಪಟ್ಟಾಗಲು ಬೇಕಾದ ವರ್ಷಗಳು ಸಿಗುತ್ತವೆ. ಶೇ 6ಕ್ಕೆ ಸುಮಾರು 12 ವರ್ಷ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಗಣಿತ ಗ್ರಂಥವೊಂದರಲ್ಲಿಯೇ ಇದು ಬರುತ್ತದೆ. ಹಣದುಬ್ಬರಕ್ಕೂ ಇದೇ ಲೆಕ್ಕ ಹಾಕಿ: ಬೆಲೆಗಳು ವರ್ಷಕ್ಕೆ ಶೇ 6 ಏರಿದರೆ ದಿಂಬಿನ ಕೆಳಗಿನ ಹಣದ ಕೊಳ್ಳುವ ಶಕ್ತಿ 12 ವರ್ಷದಲ್ಲಿ ಅರ್ಧವಾಗುತ್ತದೆ.

ಹಲವರ ಹಣ ಒಟ್ಟುಗೂಡಿಸಿ ಹೂಡುವ ಮ್ಯೂಚುವಲ್ ಫಂಡ್‌ಗಳ ‘ವೆಚ್ಚದ ಅನುಪಾತ’ವನ್ನು, ಅಂದರೆ ಫಂಡ್ ನಡೆಸುವ ಖರ್ಚಿಗೆಂದು ಪ್ರತಿ ವರ್ಷ ನಿಮ್ಮ ಹಣದಿಂದ ಕಳೆಯುವ ಶೇಕಡಾ ಪಾಲನ್ನು, ದಯವಿಟ್ಟು ಕಡೆಗಣಿಸಬೇಡಿ. ಶೇ 1 ಎಂದರೆ ಸಣ್ಣದಾಗಿ ಕೇಳಿಸುತ್ತದೆ. ಒಂದು ಲಕ್ಷ 30 ವರ್ಷ ಶೇ 7ರಂತೆ ಬೆಳೆದರೆ 7 ಲಕ್ಷ 61 ಸಾವಿರ. ವರ್ಷಕ್ಕೆ ಶೇ 1 ವೆಚ್ಚಕ್ಕೆ ಹೋಗಿ ಶೇ 6ರಂತೆ ಬೆಳೆದರೆ 5 ಲಕ್ಷ 74 ಸಾವಿರ. ಕೊನೆಯ ಮೊತ್ತದ ಸುಮಾರು ಕಾಲು ಭಾಗ ಹೋಯಿತು. ಇದನ್ನು ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಮಾಡಿ ತೋರಿಸಿದಾಗಲೆಲ್ಲ ತರಗತಿ ನಿಶ್ಶಬ್ದವಾಗುತ್ತದೆ.

ಕರಡಚ್ಚು:

ಎಲ್ಲರಿಗೂ ಮನಸಾರೆ ವಂದನೆಗಳು. 8,520ರಿಂದ ಆರಂಭಿಸಿ ಆ ಲೆಕ್ಕವನ್ನು ಕೈಯಲ್ಲೇ ಮಾಡಿದೆ. ಎದೆಯ ಮೇಲಿನ ಭಾರ ಇಳಿಯಿತು. ಮೇಜಿನವರೇ, ಇನ್ನೊಂದು ಪ್ರಶ್ನೆ: ಹಾಗಾದರೆ ಉಳಿತಾಯ, ಹೂಡಿಕೆ, ಟ್ರೇಡಿಂಗ್ ಈ ಮೂರಕ್ಕೂ ‘ಹಣ ಯಾರ ಕೈಯಿಂದ’ ಎಂದು ಕೇಳಬಹುದೇ? ಜೊತೆಗೆ ‘ಮಾರ್ಜಿನ್’. ನನ್ನ ಕೆಲಸದಲ್ಲಿ ಮಾರ್ಜಿನ್ ಎಂದರೆ ಪುಟದ ಅಂಚು, ತಿದ್ದುಪಡಿ ಬರೆಯುವ ಜಾಗ. ಇಲ್ಲಿ ಅದು ಏನು?

ಹಳೆಯ ಮೇಜು:

ಖಂಡಿತ ಕೇಳಬಹುದು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜನರಿಂದ ಬಂಡವಾಳ ಸಂಗ್ರಹಿಸಿದಾಗ, ನಿರ್ದೇಶಕರೊಬ್ಬರ ಮನೆಯಲ್ಲಿ ಇಟ್ಟಿದ್ದ ಪುಸ್ತಕದಲ್ಲಿ ಆ ಮನೆಯ ಕೆಲಸದಾಕೆಯೂ ತನ್ನ ಹೆಸರು ಬರೆಸಿ 100 ಗಿಲ್ಡರ್ ತೊಡಗಿಸಿದಳು. ಆ ಹಣ ಹೋದದ್ದು ಕಂಪನಿಗೆ, ಹಡಗು ಕಟ್ಟಲು, ಸಾಮಗ್ರಿ ಕೊಳ್ಳಲು. ಅವಳು ಕೂಡಿಟ್ಟದ್ದು ಉಳಿತಾಯ. ಅದನ್ನು ಕಂಪನಿಯ ದುಡಿಮೆಯಲ್ಲಿ ಪಾಲಾಗಿ ಹಾಕಿದ್ದು ಹೂಡಿಕೆ. ಪಾಲನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಅವಕಾಶವಿದ್ದುದರಿಂದ ಆಮೇಲೆ ಅಂಥ ಪಾಲುಗಳು ಕೈಯಿಂದ ಕೈಗೆ ಹೋಗತೊಡಗಿದವು. ಆಗ ಕೊಳ್ಳುವವರು ಕೊಟ್ಟ ಹಣ ಕಂಪನಿಗೆ ಹೋಗುವುದಿಲ್ಲ, ಮಾರಿದವರಿಗೆ ಹೋಗುತ್ತದೆ. ಆ ಬೆಲೆಯ ಏರಿಳಿತದಲ್ಲೇ ಸಂಪಾದಿಸಲು ನೋಡುವುದು ಟ್ರೇಡಿಂಗ್. ನೀವು ಪರದೆಯಲ್ಲಿ ಕೊಂಡದ್ದೂ ಇನ್ನೊಬ್ಬ ಷೇರುದಾರರಿಂದಲೇ. ಹಲವು ವರ್ಷ ಇಟ್ಟುಕೊಂಡು ಕಂಪನಿಯ ದುಡಿಮೆಯಿಂದ ಪಡೆಯುವ ಉದ್ದೇಶವಿದ್ದರೆ ನಾನು ಅದನ್ನು ಹೂಡಿಕೆ ಎಂದೇ ಕರೆಯುತ್ತೇನೆ.

ಮಾರ್ಜಿನ್ ಇಲ್ಲಿಯೂ ಅಂಚೇ, ಆದರೆ ನಿಮ್ಮ ಸ್ವಂತ ಹಣದ ಅಂಚು. ನಿಮ್ಮ 1,000ಕ್ಕೆ ದಲ್ಲಾಳಿಯ 1,000 ಸಾಲ ಸೇರಿಸಿ 2,000ದ ಷೇರು ಕೊಂಡಿರಿ ಎನ್ನಿ. ಬೆಲೆ ಶೇ 25 ಇಳಿದರೆ ಉಳಿದದ್ದು 1,500. ಸಾಲ 1,000 ಹಾಗೆಯೇ ಇದೆ. ನಿಮ್ಮದು 500, ಅಂದರೆ ಅರ್ಧ ಹೋಯಿತು. ಅಂಚು ತೀರ ತೆಳುವಾದರೆ ಹೆಚ್ಚು ಹಣ ತುಂಬಿ ಎಂದು ಕೇಳುತ್ತಾರೆ, ಅದೇ ‘ಮಾರ್ಜಿನ್ ಕಾಲ್’. ತುಂಬದಿದ್ದರೆ ನಿಮ್ಮ ಷೇರುಗಳನ್ನು ಅವರೇ ಮಾರುತ್ತಾರೆ. ಆ ಕರೆಗಳನ್ನು ನಾನೇ ಮಾಡಿದ್ದೇನೆ. ಆಚೆ ಕಡೆಯ ಮೌನ ಈಗಲೂ ಕಿವಿಯಲ್ಲಿದೆ. ನಿಮ್ಮ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಮಾರ್ಜಿನ್ ಸೌಲಭ್ಯ ಚಾಲೂ ಇದೆಯೇ ಎಂದು ಒಮ್ಮೆ ನೋಡಿ ಮೇಡಂ.

ಕರಡಚ್ಚು:

ನೋಡಿದೆ. ಚಾಲೂ ಇತ್ತು. ಖಾತೆ ತೆರೆಯುವಾಗ ಯಾವುದೋ ಚೌಕಕ್ಕೆ ಓದದೆ ಗುರುತು ಹಾಕಿದ್ದೆ. ಈಗ ತೆಗೆಸಿದ್ದೇನೆ.