ಮಳೆಗಾಲದಲ್ಲಿ ಮುಚ್ಚಲ್ಲ, ಬೇಸಿಗೆಯಲ್ಲಿ ಸಂದು: ಮರದ ಕಿಟಕಿ ಉಳಿಸ್ಕೊಂಡವರು, ಕಿತ್ತು ಹಾಕಿಸಿದವರು ಅನುಭವ ಹೇಳಿ

ಶಿರಸಿ_ಮನೆ:
ಅಪ್ಪ ಕಟ್ಟಿಸಿದ ಮನೆ, ಹಲಸಿನ ಕಿಟಕಿ. ಆಷಾಢ ಬಂತು ಅಂದ್ರೆ ಕದ ಚೌಕಟ್ಟಿಗೆ ಕಚ್ಕೊಂಡು ಬಿಡುತ್ತೆ. ಮುಚ್ಚಿದ್ದು ತೆಗೆಯೋಕಾಗಲ್ಲ, ತೆಗೆದಿದ್ದು ಮುಚ್ಚೋಕಾಗಲ್ಲ. ಮಾರ್ಚಲ್ಲಿ ಅದೇ ಎರಡು ಕದದ ಮಧ್ಯೆ ಪೆನ್ಸಿಲ್ ತೂರುತ್ತೆ. ಕೀಸಿಸಿ ಸರಿ ಮಾಡ್ಸೋದಾ, ಪೂರ್ತಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಕಿಟಕಿ) ಹಾಕ್ಸೋದಾ?

ಕಾರ್ಕಳದವ:
ಕಿತ್ತು ಬಿಸಾಡಿ ಮಾರಾಯ್ರೆ. ನಾನು ಹಾಕಿಸಿ ಆಯ್ತು, ಲೆಕ್ಕ ಬರೆದಿಟ್ಟದ್ದುಂಟು. 9 ಕಿಟಕಿ, ಎಲ್ಲ 4ಕ್ಕೆ 4, ಒಟ್ಟು 144 ಚದರಡಿ. ಚದರಡಿಗೆ 620, ಅಂದ್ರೆ 89,280. ಮೇಲೆ 18% ಜಿಎಸ್‌ಟಿ 16,070. ಹಳೇ ದಾರಂದ ಕೀಳುವಾಗ ಗೋಡೆಯ ಗಾರೆ ಹಾಳೆ ಹಾಳೆಯಾಗಿ ಎದ್ದು ಬಂತು. ಗಾರೆ, ಪುಟ್ಟಿ, ಬಣ್ಣ ಸೇರಿ 22,000. ಇದನ್ನು ಕೊಟೇಶನ್ನಲ್ಲಿ ಯಾರೂ ಬರೆಯುವುದಿಲ್ಲ, ನೆನಪಿಡಿ. ಸೊಳ್ಳೆ ಪರದೆ ಬೇರೆ, ಅದರ ಕತೆಯೇ ಬೇಡ.
ಮೊದಲ ಮಳೆಗೆ ಕೆಳಗಿನ ಹಳಿಯಲ್ಲಿ ನೀರು ತುಂಬಿ ಒಳಗೆ ಇಳಿಯಿತು. ಹಾಕಿದವನನ್ನು ಕೇಳಿದ್ರೆ 'ಮಳೆ ಜೋರಿತ್ತು ಸಾರ್' ಅಂತಾನೆ. ಕಾರ್ಕಳದಲ್ಲಿ ಮಳೆ ಜೋರಿರದೆ ಮತ್ತೆ? ನೋಡಿದ್ರೆ ಹಳಿಯ ಹೊರಮೈಯಲ್ಲಿ ನೀರು ಹೋಗ್ಲಿಕ್ಕೆ ಇರುವ ತೂತುಗಳ ಮೇಲೇ ಅವನು ಸಿಲಿಕೋನ್ ಬಳಿದು ಹೋಗಿದ್ದ. ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದು ಬಿಡಿಸಿದೆ. ಈಗ ಒಂದು ಹನಿ ಇಲ್ಲ.

ಕೊಪ್ಪ_ಕಾಫಿ:
ಒಳಗೆ ನೀರು ಬಂದಿದ್ದನ್ನೂ ಇಷ್ಟು ಹೆಮ್ಮೆಯಿಂದ ಹೇಳೋರನ್ನ ನಾನು ನೋಡಿರ್ಲಿಲ್ಲ.
ನಮ್ಮದು ಅಜ್ಜನ ಕಾಲದ ಹೊನ್ನೆ. ಅದೂ ಕಚ್ತಿತ್ತು. ಕದ ಬಿಚ್ಚಿ ತಲೆಕೆಳಗು ಮಾಡಿದಾಗ ಗೊತ್ತಾಯ್ತು: ಮುಖಕ್ಕೆ ಮೂರು ಕೋಟು ಬಣ್ಣ, ಕೆಳಗಿನ ಅಂಚಲ್ಲಿ ಬರೀ ಮರ, ಕಪ್ಪಗಾಗಿ ಉಗುರು ಇಳಿಯೋಷ್ಟು ಮೆತ್ತಗಾಗಿತ್ತು. ಬಣ್ಣದವನು ಕದ ನೇತಾಡ್ತಿದ್ದ ಹಾಗೇ ಬಳಿದು ಹೋಗಿದಾನೆ. ಮರದ ಎಳೆಗಳ ತುದಿ ಬಣ್ಣ ಇಲ್ಲದೆ ತೆರೆದಿರೋ ಕಡೆಯಿಂದ ಮರ ನೀರು ಕುಡಿಯುತ್ತೆ. ಉದ್ದಕ್ಕೆ ಬೆಳೆಯಲ್ಲ, ಅಗಲಕ್ಕೆ ಉಬ್ಬುತ್ತೆ. ಹಾಗಾಗಿ ಎರಡು ಕದ ಕೂಡೋ ಕಡೆಯೇ ಕಚ್ಚೋದು.
ಜುಲೈನಲ್ಲಿ ಕೀಸಿಸಬೇಡಿ. ಪಕ್ಕದ ಮನೆಯವರು ಕೀಸಿಸಿದ್ರು, ಫೆಬ್ರವರಿಯಲ್ಲಿ ಸಂದಿನಿಂದ ಬೀದಿ ಕಾಣ್ತಿತ್ತು. ಗುರುತು ಮಳೆಗಾಲದಲ್ಲಿ, ಕೀಸೋದು ಒಣಗಿದ ಮೇಲೆ. ಚೌಕಟ್ಟಿಗೆ ಸೀಮೆಸುಣ್ಣ ಉಜ್ಜಿ ಕದ ಒತ್ತಿ, ಬಿಳಿ ಹತ್ತಿದ ಕಡೆಗೆ ಗೀಟು ಎಳೆದಿಡಿ. ಅಲ್ಲೀವರೆಗೆ ಮೇಣದಬತ್ತಿ ಉಜ್ಜಿ ಕಾಲ ಹಾಕಿ. ಬೇಸಿಗೆಯಲ್ಲಿ ಕೀಸಿದ ತಕ್ಷಣ ನಾಲ್ಕೂ ಅಂಚಿಗೆ ಪ್ರೈಮರ್.
ಖರ್ಚು: ತುಕ್ಕು ಹಿಡಿದ ತಿರುಗಣಿ ತೆಗೆಸಿ ಹಿತ್ತಾಳೆದು ಹಾಕಿಸಿದೆ, ಒಂದು ಜೊತೆಗೆ 340. ಸ್ಕ್ರೂ ತೂತು ಸಡಿಲಾಗಿದ್ದಕ್ಕೆ ಬಿದಿರು ಸೀಳು ಗೋಂದು ಹಚ್ಚಿ ಬಡಿಸಿದೆ, ಅದಕ್ಕೆ ದುಡ್ಡಿಲ್ಲ. ಕೂಲಿ ದಿನಕ್ಕೆ 1,200.

ಉಳಿ_ಕೀಸುಳಿ:
1,200ಕ್ಕೆ ಯಾವ ಆಚಾರಿ ಬಂದ ಸ್ವಾಮಿ? ಊಟ, ಕಾಫಿ ಲೆಕ್ಕ ಹಾಕಿಲ್ಲ ಬಿಡಿ. ನಾನು ಬಡಗಿ, ಮರದ ತಪ್ಪಿಗೂ ಬಡಗಿಯ ತಪ್ಪಿಗೂ ಬೈಸಿಕೊಂಡು ಸಾಕಾಗಿದೆ. ಒಂದಿಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಅಟ್ಟಿ ಇಡಬೇಕು ಅನ್ನೋದು ಹಳೇ ಲೆಕ್ಕ. ಈಗಿನವರಿಗೆ ಶಿವರಾತ್ರಿಗೆ ಕಡಿದ ಮರ ಅಕ್ಷಯ ತೃತೀಯದ ಗೃಹಪ್ರವೇಶಕ್ಕೆ ಕಿಟಕಿ ಆಗಬೇಕು. ಹಸಿ ಮರ ಸೊಟ್ಟ ತಿರುಗದೆ ಇನ್ನೇನು? ನಾವು ಬೇಡ ಅಂದ್ರೆ ಬೇರೆಯವನನ್ನ ಕರೀತಾರೆ.

ಕಾರ್ಕಳದವ:
ನೀವು ಫೋನ್ ಎತ್ತಿದ್ರೆ ಅಲ್ವಾ ಬೇಡ ಅನ್ನೋದು. 'ನಾಳೆ ಬರ್ತೇನೆ' ಅಂದ ಆಚಾರಿಯನ್ನು ಕಾದು ಕಾದೇ ನಾನು ಯುಪಿವಿಸಿಗೆ ಹೋದದ್ದು.

ಹುಬ್ಬಳ್ಳಿ_ಮಹಡಿ:
ನಮ್ಮ ಕಡೆ ಮಳಿ ಅಲ್ರೀ, ಧೂಳು. ಅಲ್ಯೂಮಿನಿಯಂ ಸ್ಲೈಡಿಂಗ್ ಐತಿ. ಒಂದು ಕದ ವಾಲಿ ಮ್ಯಾಲಿನ ಮೂಲ್ಯಾಗ ಮೂರು ಮೂಲಿ ಸಂದು ಬಿದ್ದಿತ್ತು. ಒಬ್ಬಾಂವ ಬಂದು 'ಕದಾನ ಬದಲಿ ಮಾಡ್ಬೇಕು, 6,500' ಅಂದ. ಕದದ ಬುಡಕ್ಕ ಬದಿಯೊಳಗ ಒಂದು ಸಣ್ಣ ಸ್ಕ್ರೂ ಇರ್ತೈತಿ, ತಿರುವಿದ್ರ ಗಾಲಿ ಮ್ಯಾಲ ಕೆಳಗ ಆಗ್ತೈತಿ. ನಮ್ಮದು ಗಾಲಿನ ಸವೆದಿತ್ತು, 90 ರೂಪಾಯಿಗೆ ಒಂದು, ಎರಡು ಹಾಕ್ದೆ. ಅಂಚಿನ ಬ್ರಷ್ ಪಟ್ಟಿ ಮೀಟರ್‌ಗೆ 15. ಹಳಿಗೆ ಎಣ್ಣಿ ಮಾತ್ರ ಹಾಕಬ್ಯಾಡ್ರಿ, ಧೂಳು ಕೂಡಿ ರಾಡಿ ಆಗ್ತೈತಿ.

ಶಿರಸಿ_ಮನೆ:
ನಮ್ಮ ಕದದ ಕೆಳಗಿನ ಅಂಚು ಕೈಯಾಡಿಸಿ ನೋಡ್ದೆ, ಬಣ್ಣ ಇಲ್ಲ. ಆದ್ರೆ ಒಂದು ಕದ ಸೊಟ್ಟ ಕೂಡ ಆಗಿದೆ, ಅದಕ್ಕೆ...

ಕೊಪ್ಪ_ಕಾಫಿ:
ಕಾರ್ಕಳದವರೇ, ಕಿತ್ತ ಮರ ಏನ್ ಮಾಡಿದ್ರಿ?

ಕಾರ್ಕಳದವ:
ಗುಜರಿಯವ 4,000 ಕೊಟ್ಟ. ಒಂಬತ್ತಕ್ಕೂ ಸೇರಿ.

ಕೊಪ್ಪ_ಕಾಫಿ:
ಯಾವ ಮರ?

ಕಾರ್ಕಳದವ:
ಹೆಚ್ಚಿನದ್ದು ಸಾಗುವಾನಿ. ಗೆದ್ದಲು ಹಿಡಿದಿತ್ತು.

ಉಳಿ_ಕೀಸುಳಿ:
ಹಳೇ ಸಾಗುವಾನಿಯ ಕೆಚ್ಚನ್ನ, ಅಂದ್ರೆ ಒಳಗಿನ ಗಟ್ಟಿ ಮರಾನ, ಗೆದ್ದಲು ಅಷ್ಟು ಸುಲಭಕ್ಕೆ ಮುಟ್ಟಲ್ಲ. ಹೊರಗಿನ ಮೆತ್ತನೆ ಬಿಳಿ ಮರ ತಿಂದಿರುತ್ತೆ ಅಷ್ಟೇ, ಕೆತ್ತಿ ತೆಗೆದ್ರೆ ಒಳಗೆ ಗಟ್ಟಿ. 4,000ಕ್ಕೆ ಒಂದು ಕದದ ಮರ ತರಿಸಿ ನೋಡೋಣ. ಆ ಗುಜರಿಯವನು ಇವತ್ತಿಗೂ ನಿಮ್ಮನ್ನ ನೆನೆಸ್ಕೊಳ್ತಿರ್ತಾನೆ.

ಕಾರ್ಕಳದವ:
ನನ್ನ ಮನೆ, ನನ್ನ ಮರ. ನಿಮಗೇನು ಹೊಟ್ಟೆನೋವು? ಗಾಳಿಮಳೆಗೆ ನಿಮ್ಮ ಹೊನ್ನೆಯ ಸಂದಿಗೆ ಚಿಂದಿ ಬಟ್ಟೆ ತುರುಕಿ ಕೂತುಕೊಳ್ಳಿ.

ಕೊಪ್ಪ_ಕಾಫಿ:
ಚಿಂದಿ ಅಲ್ಲ, ರಬ್ಬರ್ ಪಟ್ಟಿ, ಮೀಟರ್‌ಗೆ 30. ನಿಮ್ಮ ಗಾಜಿನ ಕಿಟಕಿಗೆ ಮಂಗ ಬಂದಾಗ ಏನ್ಮಾಡ್ತೀರಿ ಹೇಳಿ. ನಮ್ಮೂರಲ್ಲಿ ಒಬ್ಬರ ಹೊಸ ಯುಪಿವಿಸಿಯ ಗಾಜಲ್ಲಿ ತನ್ನ ಮುಖ ನೋಡಿ ಗಡವ ಹಾರಿ ಗುದ್ದಿ ಬಿರುಕು ಬಿಡಿಸ್ತು.

ಹುಬ್ಬಳ್ಳಿ_ಮಹಡಿ:
ಟಫನ್ ಗಾಜು ಹಾಕಿಸಿದ್ರ ಒಡಿಯೂದು ಕಡಿಮಿರೀ. ಒಡದ್ರ ಮಾತ್ರ ಪೂರ್ತಿ ಪುಡಿಪುಡಿ.

ಕಾರ್ಕಳದವ:
ನಮ್ಮಲ್ಲಿ ಗ್ರಿಲ್ ಉಂಟು. ಮಂಗ ಸೊಳ್ಳೆ ಪರದೆಯನ್ನು ಹರಿಯಿತು, ಗಾಜನ್ನಲ್ಲ. ಪರದೆಗೆ ಮತ್ತೆ 1,850.

ಶಿರಸಿ_ಮನೆ:
ಸೊಟ್ಟ ಆದ ಕದದ ಬಗ್ಗೆ ಯಾರಾದ್ರೂ...

ಉಳಿ_ಕೀಸುಳಿ:
ಎಷ್ಟು ಸೊಟ್ಟ? ಒಂದು ಮೂಲೆ ಕಾಲಿಂಚಿನ ಒಳಗೆ ಎದ್ದಿದ್ರೆ ಕದ ಮುಟ್ಟಬೇಡಿ, ಚೌಕಟ್ಟಲ್ಲಿ ಕದ ತಾಗಿ ನಿಲ್ಲೋ ತಡೆಪಟ್ಟಿ ಸರಿಸಿ. ಅದಕ್ಕಿಂತ ಹೆಚ್ಚಿದ್ರೆ ಹೊಸ ಕದ. ದೀಪಾವಳಿ ಕಳೆದು ಮರ ಒಣಗ್ಲಿ. ಮತ್ತೆ 1,200ರ ಕೂಲಿ ಅಂತ ಮಾತಿಗೆ ಬರಬೇಡಿ.