ಕತ್ತೆ ಸಿನಿಮಾ ಮಾಡಿದ ಪೋಲೆಂಡಿನ ಅಜ್ಜ, ಇವ್ರ ಬಗ್ಗೆ ಗೊತ್ತಿದ್ದವ್ರು ಸ್ವಲ್ಪ ಹೇಳಿ

ಅಪ್ಪೆಮಿಡಿ (ಶಿರಸಿ):
ಎಲ್ರಿಗೂ ನಮಸ್ಕಾರ. ಹೋದ ವಾರ ಒಂದಿನ ರಾತ್ರಿ ಪೂರ್ತಿ ಕರೆಂಟ್ ಇತ್ತು, ಮಳೆಗಾಲದಲ್ಲಿ ನಮ್ಮ ಕಡೆ ಇದೇ ಒಂದು ಸುದ್ದಿ, ಸರಿ ಅಂತ ಲ್ಯಾಪ್‌ಟಾಪ್ ಟಿವಿಗೆ ಸಿಕ್ಕಿಸಿ 'ಇಓ' ಅಂತ ಒಂದು ಪೋಲಿಷ್ ಸಿನಿಮಾ ನೋಡಿದೆ. ಹೀರೋ ಒಂದು ಕತ್ತೆ. ನಿಜವಾದ ಕತ್ತೆ, ಕಾರ್ಟೂನ್ ಅಲ್ಲ. ಸರ್ಕಸ್ಸಲ್ಲಿ ಇರತ್ತೆ, ಸರ್ಕಸ್ ಮುಚ್ಚತ್ತೆ, ಅಲ್ಲಿಂದ ಒಬ್ರ ಕೈಯಿಂದ ಇನ್ನೊಬ್ರ ಕೈಗೆ ಹೋಗ್ತಾ ಹೋಗ್ತಾ ಇಟಲಿ ತನಕ ಹೋಗತ್ತೆ. ಪಕ್ಕದಲ್ಲಿ ಅಜ್ಜಿ ಕವಳ ಹಾಕ್ಕೊಂಡು ಕೂತಿದ್ರು, ಅವ್ರಿಗೆ ಸಬ್‌ಟೈಟಲ್ ಎಲ್ಲ ಓದೋಕಾಗಲ್ಲ, ಆದ್ರೆ ಈ ಸಿನಿಮಾಕ್ಕೆ ಅದು ಬೇಕಾಗೂ ಇಲ್ಲ. ಕತ್ತೆನ ಗಾಡಿಗೆ ಹತ್ತಿಸ್ಕೊಂಡು ಹೊರಟಾಗ "ಪಾಪ, ಅದ್ಕೆ ತಿಂಬ್ಲೆ ಎಂತಾರೂ ಕೊಟ್ವನಾ?" ಅಂತ ಎರಡು ಸಲ ಕೇಳಿದ್ರು.

ಆಮೇಲೆ ಡೈರೆಕ್ಟರ್ ಯಾರು ಅಂತ ಹುಡುಕಿದ್ರೆ ತಲೆ ಕೆಟ್ಟೋಯ್ತು. ಯೆರ್ಜಿ ಸ್ಕೊಲಿಮೊವ್‌ಸ್ಕಿ ಅಂತೆ. ಈ ಸಿನಿಮಾ 2022ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವಕ್ಕೆ ಹೋದಾಗ ಇವ್ರ ವಯಸ್ಸು 84. ಒಂದು ಕಡೆ ಕವಿ ಅಂತ ಬರ್ದಿದೆ, ಒಂದು ಕಡೆ ಬಾಕ್ಸರ್, ಇನ್ನೊಂದು ಕಡೆ ಪೇಂಟರ್, ಮತ್ತೊಂದು ಕಡೆ ನಟ. ಒಬ್ರೇನಾ ಅಥವಾ ಒಂದೇ ಹೆಸರಿನ ನಾಲ್ಕು ಜನ ಇದಾರಾ? 17 ವರ್ಷ ಸಿನಿಮಾನೇ ಮಾಡ್ಲಿಲ್ಲ ಅಂತಾನೂ ಓದಿದೆ. ನಾನು ಹೈಸ್ಕೂಲಲ್ಲಿ ಡ್ರಾಯಿಂಗ್ ಮಾಸ್ಟ್ರು, ಮಕ್ಕಳಿಗೆ ಮಡಕೆ ಬಾಳೆಹಣ್ಣು ಬರ್ಸೋದು ಬಿಟ್ರೆ ಸ್ವಂತಕ್ಕೆ ಅಂತ ಬ್ರಷ್ ಹಿಡ್ದು ನಾಲ್ಕು ವರ್ಷ ಆಯ್ತು, ಹಾಗಾಗಿ ಆ 17 ವರ್ಷದ ಕಥೆ ಎಂತ ಅಂತ ತಿಳ್ಕೊಳ್ಳೋ ಹುಳ ಹೊಕ್ಕಿದೆ.

ಕಾಳಿಸಂಗಮ (ಕಾರವಾರ):
ಒಬ್ರೇ ಮಾರಾಯ್ರೆ. ಹೆಸರು ಮಾತ್ರ ಯೆರ್ಜಿ ಅಲ್ಲ, 'ಯೆಝಿ' ಅನ್ನೋ ಹಾಗೆ ಹೇಳ್ತಾರೆ. ಹುಟ್ಟಿದ ಊರು ಇನ್ನೂ ಮಜಾ, ಬರೆಯೋದು ಲೋಡ್ಜ್ ಅನ್ನೋ ಥರ, ಹೇಳೋದು ವೂಜ್. 1938ರಲ್ಲಿ ಹುಟ್ಟಿದ್ದು, ಮರು ವರ್ಷವೇ ಯುದ್ಧ. ಅಪ್ಪ ನಾಜಿಗಳ ವಿರುದ್ಧ ಗುಪ್ತವಾಗಿ ಕೆಲಸ ಮಾಡ್ತಿದ್ರು, ಸಿಕ್ಕಿಬಿದ್ರು, ಅವ್ರನ್ನ ಕೊಂದ್ರು. ಯುದ್ಧ ಮುಗಿದ ಮೇಲೆ ಅಮ್ಮಂಗೆ ಚೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿ ಪೋಲೆಂಡಿನ ರಾಯಭಾರ ಕಚೇರೀಲಿ ಕೆಲಸ ಸಿಕ್ತು, ಮಗ ಆ ದೇಶದಲ್ಲೇ ಒಂದು ಹಾಸ್ಟೆಲ್ ಶಾಲೆಗೆ. ಆ ಶಾಲೇಲಿ ಜೊತೆಗಿದ್ದ ಹುಡುಗ್ರು ಯಾರು ನೋಡಿ, ಮುಂದೆ ದೊಡ್ಡ ಸಿನಿಮಾ ನಿರ್ದೇಶಕ ಆದ ಮಿಲೋಶ್ ಫೋರ್ಮನ್, ಆಮೇಲೆ ಆ ದೇಶದ ಅಧ್ಯಕ್ಷನೇ ಆದ ವಾಟ್ಸ್ಲಾವ್ ಹಾವೆಲ್.

ವಾರ್ಸಾದಲ್ಲಿ ಕಾಲೇಜು ಓದ್ತಾ ಕವನ ಬರೀತಿದ್ರು, ಬಾಕ್ಸಿಂಗ್ ಆಡ್ತಿದ್ರು, ಜಾಝ್ ಹುಚ್ಚು ಬೇರೆ. ದೊಡ್ಡ ನಿರ್ದೇಶಕ ಆಂದ್ಜೆ ವೈದಾ ಆಗ ಯುವಕರ ಬಗ್ಗೆ ಸಿನಿಮಾ ಮಾಡೋಕೆ ಒಂದು ಸ್ಕ್ರಿಪ್ಟ್ ಇಟ್ಕೊಂಡಿದ್ರು, ಈ ಹುಡುಗ ಅದನ್ನ ಓದಿ ಇದ್ರಲ್ಲಿ ನಮ್ಮ ವಯಸ್ಸಿನವ್ರು ಎಲ್ಲಿದಾರೆ ಅನ್ನೋ ಧಾಟೀಲಿ ಮುಖಕ್ಕೇ ಹೇಳಿದ, ಹಾಗಾದ್ರೆ ನೀನೇ ಬರಿ ಅಂದ್ರು ಅವ್ರು. ಆ ಸಿನಿಮಾ 1960ರಲ್ಲಿ ಬಂತು, ಅದ್ರಲ್ಲಿ ಬಾಕ್ಸರ್ ಪಾತ್ರಾನೂ ಇವ್ರದ್ದೇ. ಎರಡು ವರ್ಷ ಬಿಟ್ಟು ಇನ್ನೊಬ್ಬ ನಿರ್ದೇಶಕ ಪೊಲಾನ್‌ಸ್ಕಿಯ 'ನೈಫ್ ಇನ್ ದಿ ವಾಟರ್' ಬಂತಲ್ಲ, ಅದನ್ನ ಬರೆದವ್ರಲ್ಲೂ ಇವ್ರೊಬ್ರು.

ನಂಗೆ ತುಂಬಾ ಇಷ್ಟ ಆಗಿದ್ದು ಮೊದಲ ಸಿನಿಮಾ ಮಾಡಿದ ರೀತಿ. ವೂಜ್ ಫಿಲ್ಮ್ ಸ್ಕೂಲಲ್ಲಿ ವಿದ್ಯಾರ್ಥಿಗಳಿಗೆ ವರ್ಷವರ್ಷ ಸಣ್ಣಸಣ್ಣ ಎಕ್ಸರ್‌ಸೈಜ್ ಮಾಡೋಕೆ ಇಷ್ಟಿಷ್ಟು ರೀಲು ಅಂತ ಕೊಡ್ತಿದ್ರು. ಉಳಿದವ್ರು ಒಂದೊಂದಕ್ಕೆ ಒಂದೊಂದು ಕಥೆ ಮಾಡಿದ್ರೆ ಇವ್ರು ಮೊದಲೇ ಲೆಕ್ಕ ಹಾಕಿ ಎಲ್ಲ ಎಕ್ಸರ್‌ಸೈಜೂ ಒಂದೇ ಕಥೆಯ ತುಂಡು ಆಗೋ ಹಾಗೆ ಮಾಡಿದ್ರು, ಹೀರೋ ಪಾತ್ರಾನೂ ತಾನೇ ಹಾಕಿದ್ರು, ಕೋರ್ಸ್ ಮುಗಿಯೋ ಹೊತ್ತಿಗೆ ಬೇರೆಯವ್ರ ಕೈಯಲ್ಲಿ ಸರ್ಟಿಫಿಕೇಟು, ಇವ್ರ ಕೈಯಲ್ಲಿ ಒಂದು ಪೂರ್ತಿ ಸಿನಿಮಾ. 'ರಿಸೋಪಿಸ್' ಅಂತ, 1964. ರವಿಕೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿದ ಹಾಗೆ.

ಬಂಡಿಹಬ್ಬ (ಅಂಕೋಲಾ):
ಅವೆಂಜರ್ಸ್ ಮೊದಲ ಪಾರ್ಟ್ ನೋಡಿದೀರಾ? ಬ್ಲ್ಯಾಕ್ ವಿಡೋನ ಕುರ್ಚಿಗೆ ಕಟ್ಟಿ ವಿಚಾರಣೆ ಮಾಡ್ತಾ ಇರ್ತಾನಲ್ಲ ಒಬ್ಬ ಮುದುಕ ರಷ್ಯನ್, ನಡುವೆ ಫೋನ್ ಬಂದು ಆಮೇಲೆ ಎಲ್ರಿಗೂ ಏಟು ಬೀಳತ್ತಲ್ಲ, ಅದೇ ಅಜ್ಜ!! ನಾನು ಹತ್ತು ಸಲ ನೋಡಿದೀನಿ, ಇವತ್ತೇ ಗೊತ್ತಾಗಿದ್ದು 😂

ಹಳೇರೀಲು (ಸಿದ್ದಾಪುರ):
ಯಾರೂ 'ಹ್ಯಾಂಡ್ಸ್ ಅಪ್' ಬಗ್ಗೆ ಹೇಳ್ಲಿಲ್ಲವಲ್ಲ. ಅದನ್ನ ಬಿಟ್ರೆ ಈ ಮನುಷ್ಯನ ಅರ್ಧ ಜೀವನ ಬಿಟ್ಟ ಹಾಗೆ. 1967. ಅದೇ ವರ್ಷ ಬೆಲ್ಜಿಯಂನಲ್ಲಿ ಮಾಡಿದ ಇನ್ನೊಂದು ಸಿನಿಮಾಕ್ಕೆ ಬರ್ಲಿನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಬಂದಿತ್ತು, 29 ವರ್ಷದ ಹುಡುಗ, ಊರಿಗೆ ಬಂದು ಇದನ್ನ ಮಾಡಿದ. ಇದ್ರಲ್ಲಿ ಒಂದು ದೃಶ್ಯ ಇದೆ. ಯುವಜನ ಸಂಘದ ಹುಡುಗ್ರು ಸ್ಟಾಲಿನ್‌ನ ದೊಡ್ಡ ಚಿತ್ರ ನಿಲ್ಲಿಸ್ತಾ ಇರ್ತಾರೆ, ಒಂದೇ ಹಾಳೆ ಅಲ್ಲ, ತುಂಡು ತುಂಡು ಅಂಟಿಸೋದು, ನಮ್ಮಲ್ಲಿ ಮೊದ್ಲು ಟಾಕೀಸಿನ ಗೋಡೆಗೆ ಪೋಸ್ಟರ್ ಮೆತ್ತುತಿದ್ದ ಹಾಗೆ. ಜೋಡಿಸಿ ನೋಡಿದ್ರೆ ಸ್ಟಾಲಿನ್‌ಗೆ ನಾಲ್ಕು ಕಣ್ಣು! ಮೇಲೆ ಎರಡು, ಕೆಳಗೆ ಎರಡು. ಅಷ್ಟೇ. ಯಾರೂ ಭಾಷಣ ಹೊಡೆಯಲ್ಲ, ಬೈಯಲ್ಲ. ಸರ್ಕಾರಕ್ಕೆ ಅಷ್ಟೇ ಸಾಕಾಯ್ತು, ಸಿನಿಮಾ ಡಬ್ಬಕ್ಕೆ ಹೋಯ್ತು, 14 ವರ್ಷ ಹೊರಗೆ ಬರ್ಲಿಲ್ಲ. ಇವ್ರು ದೇಶ ಬಿಟ್ರು. 1981ರಲ್ಲಿ ಸ್ವಲ್ಪ ಗಾಳಿ ಬದಲಾದಾಗ ಬಿಡ್ತೀವಿ ಅಂದ್ರು, ಆಗ ಮುಂದೆ ಹೊಸ ಭಾಗ ಸೇರಿಸಿ ತೋರಿಸಿದ್ರು.

ನಾನು ಪೋಲೆಂಡ್ ಸಿನಿಮಾ ಅಂತ ಮೊದಲು ನೋಡಿದ್ದು ಹೆಗ್ಗೋಡಲ್ಲಿ, ಸುಬ್ಬಣ್ಣನವ್ರ ಕಾಲದಲ್ಲಿ, 16 ಎಂಎಂ ಪ್ರೊಜೆಕ್ಟರ್ ಕಟಕಟ ಅನ್ನೋ ಸದ್ದಿನ ಜೊತೆಗೆ. ಈಗಿನವ್ರು ಮೊಬೈಲಲ್ಲಿ ನೋಡಿ ಅರ್ಧಕ್ಕೆ ಬಿಡ್ತಾರೆ, ಹೋಗ್ಲಿ ಬಿಡಿ, ಅದು ಬೇರೆ ವಿಷಯ.

ಅಪ್ಪೆಮಿಡಿ (ಶಿರಸಿ):
ಎಲ್ರಿಗೂ ಥ್ಯಾಂಕ್ಸ್. ನಾಲ್ಕು ಕಣ್ಣಿನ ಸ್ಟಾಲಿನ್ ತಲೇಲಿ ಕೂತ್ಬಿಟ್ಟ. ಆದ್ರೆ 17 ವರ್ಷ? ದೇಶ ಬಿಟ್ಟಿದ್ದಕ್ಕಾ ಸಿನಿಮಾ ನಿಲ್ಸಿದ್ದು?

ಕಾಳಿಸಂಗಮ (ಕಾರವಾರ):
ಇಲ್ಲ ಇಲ್ಲ, ದೇಶ ಬಿಟ್ಟ ಮೇಲೂ ಮಾಡ್ತಾನೇ ಇದ್ರು, ಲಂಡನ್‌ನಲ್ಲಿದ್ದಾಗ ಮಾಡಿದ್ದೇ ಕೆಲವು ಅವ್ರ ಬೆಸ್ಟು. ನಿಲ್ಸಿದ್ದು 1991ರಲ್ಲಿ. ಗೊಂಬ್ರೊವಿಚ್ ಅವ್ರ 'ಫೆರ್ಡಿಡುರ್ಕೆ' ಅನ್ನೋ ಕಾದಂಬರಿನ ಸಿನಿಮಾ ಮಾಡಿದ್ರು, ಪೋಲೆಂಡಲ್ಲಿ ಅದು ದೊಡ್ಡ ಹೆಸರಿನ ಕಾದಂಬರಿ. ಸಿನಿಮಾ ಸ್ವತಃ ಅವ್ರಿಗೇ ಹಿಡಿಸ್ಲಿಲ್ಲ. ಬೇರೆಯವ್ರು ಆಗಿದ್ರೆ ಪ್ರೊಡ್ಯೂಸರನ್ನ ಬೈದು ಮುಂದಿನ ವರ್ಷ ಇನ್ನೊಂದು ಮಾಡ್ತಿದ್ರು. ಇವ್ರು ಕ್ಯಾಲಿಫೋರ್ನಿಯಾದಲ್ಲಿ ಕೂತು ಪೇಂಟಿಂಗ್ ಮಾಡಿದ್ರು. ಸಣ್ಣಪುಟ್ಟದ್ದಲ್ಲ, ಆಳೆತ್ತರದ ಕ್ಯಾನ್ವಾಸು, ದಪ್ಪ ಬಣ್ಣ. ಹವ್ಯಾಸಕ್ಕೂ ಅಲ್ಲ, ಅದೇ ಕೆಲಸ ಅಂತ ಹಿಡಿದು ಮಾಡಿದ್ದು, ಪ್ರದರ್ಶನ ಎಲ್ಲ ಆಯ್ತು. 2008ರಲ್ಲಿ, 70 ತುಂಬಿದಾಗ, ಪೋಲೆಂಡಿಗೆ ಬಂದು 'ಫೋರ್ ನೈಟ್ಸ್ ವಿತ್ ಅನ್ನಾ' ಮಾಡಿದ್ರು. ಎರಡು ವರ್ಷಕ್ಕೆ 'ಎಸೆನ್ಶಿಯಲ್ ಕಿಲ್ಲಿಂಗ್', ಹಿಮದಲ್ಲಿ ತಪ್ಪಿಸ್ಕೊಂಡು ಓಡೋ ಒಬ್ಬ ಕೈದಿ, ಇಡೀ ಸಿನಿಮಾದಲ್ಲಿ ಹೀರೋ ಒಂದು ಮಾತೂ ಆಡಲ್ಲ, ವೆನಿಸ್‌ನಲ್ಲಿ ಜ್ಯೂರಿಯ ವಿಶೇಷ ಪ್ರಶಸ್ತಿ ಬಂತು. ನನ್ನ ಲೆಕ್ಕದಲ್ಲಿ ಈ ಮಾತಿಲ್ಲದ ಕೈದಿಯಿಂದ ಆ ಕತ್ತೆಗೆ ದೂರ ಇಲ್ಲ. ಮತ್ತೆ 'ಇಓ'ದಲ್ಲಿ ಕೆಂಪು ಬೆಳಕು ಪರದೆ ತುಂಬ ಹರಡತ್ತಲ್ಲ, ಆ ಹದಿನೇಳು ವರ್ಷ ಬಣ್ಣ ಕಲಸದೇ ಇದ್ದವ್ರಿಗೆ ಅಂಥದ್ದು ಹೊಳೆಯಲ್ಲ ಅಂತ ನಂಗನ್ಸತ್ತೆ.

ಮಾಸ್ಟ್ರೇ, ನಮ್ಮ ಬೀಚಿಗೆ ಹೆಸರು ಕೊಟ್ಟ ಟಾಗೋರ್ ಅವ್ರನ್ನೇ ನೋಡಿ, ಅಣ್ಣ ಇಲ್ಲಿ ಜಡ್ಜ್ ಆಗಿದ್ದಾಗ ಬಂದು ನಾಟಕ ಬರೆದ್ರು, ಪೇಂಟಿಂಗ್ ಅಂತ ಗಟ್ಟಿಯಾಗಿ ಹಿಡಿದಿದ್ದು ಅರವತ್ತು ದಾಟಿದ ಮೇಲೆ. ನಿಮ್ದು ನಾಲ್ಕೇ ವರ್ಷ.

ಖಾರಾಶೇವ್ (ಕುಮಟಾ):
ಎಲ್ರೂ ಹೊಗಳ್ತಾ ಇದೀರಿ, ನಾನೊಂದು ಹುಳಿ ಹಿಂಡ್ತೀನಿ. ಕತ್ತೆ ಕಣ್ಣಲ್ಲಿ ಮನುಷ್ಯರನ್ನ ನೋಡೋದನ್ನ ಫ್ರೆಂಚ್ ನಿರ್ದೇಶಕ ರಾಬರ್ಟ್ ಬ್ರೆಸಾನ್ 1966ರಲ್ಲೇ ಮಾಡಿ ಮುಗ್ಸಿದಾರೆ, 'ಬಾಲ್ತಜಾರ್'. ಆಮೇಲೆ ಡ್ರೋನ್ ಹಾರಿಸಿ ಕೆಂಪು ಲೈಟ್ ಹಾಕಿದ್ರೆ ಹೊಸದಾಗತ್ತಾ?

ಹಳೇರೀಲು (ಸಿದ್ದಾಪುರ):
ಖಾರಾಶೇವ್ ಅವ್ರೇ, ಅದನ್ನ ಸ್ಕೊಲಿಮೊವ್‌ಸ್ಕಿ ಮುಚ್ಚಿಟ್ಟಿಲ್ಲ, ತನಗೆ ಕಣ್ಣೀರು ಬಂದ ಒಂದೇ ಸಿನಿಮಾ ಅದು ಅಂತ ತಾವೇ ಹೇಳ್ಕೊಂಡಿದಾರೆ. ಯಕ್ಷಗಾನದಲ್ಲಿ ಒಂದೇ ಪ್ರಸಂಗ ಹತ್ತು ಮೇಳ ಆಡಲ್ವಾ? ಎರಡನೇ ಮೇಳದವ್ರು ಕದ್ದರು ಅಂತೀವಾ? ಕಾನ್‌ನಲ್ಲಿ ಜ್ಯೂರಿ ಪ್ರಶಸ್ತಿ ತಗೊಂಡು ಸ್ಟೇಜ್ ಮೇಲೆ ಅವ್ರು ಥ್ಯಾಂಕ್ಸ್ ಹೇಳಿದ್ದು ಯಾರಿಗೆ ಗೊತ್ತಾ, ಕತ್ತೆಗಳಿಗೆ. ಆ ಒಂದು ಪಾತ್ರಕ್ಕೆ ಆರು ಕತ್ತೆ, ಆರೂ ಕತ್ತೆಗಳ ಹೆಸರು ಒಂದೊಂದಾಗಿ ಹೇಳಿದ್ರು.

ಶರಾವತಿಹಿನ್ನೀರು (ಹೊನ್ನಾವರ):
ತಡವಾಗಿ ಬಂದೆ. ಲಂಡನ್ ಸಿನಿಮಾ ಅಂದ್ರಲ್ಲ, 'ಮೂನ್‌ಲೈಟಿಂಗ್' ಹುಡುಕಿ ನೋಡಿ. ಪೋಲೆಂಡಿನ ನಾಲ್ಕು ಜನ ಕೆಲಸದವ್ರು ಲಂಡನ್ನಿಗೆ ಒಂದು ಮನೆ ರಿಪೇರಿಗೆ ಬರ್ತಾರೆ, ಮೇಸ್ತ್ರಿಗೆ ಮಾತ್ರ ಇಂಗ್ಲಿಷ್ ಬರತ್ತೆ. ಅಷ್ಟ್ರಲ್ಲಿ 1981 ಡಿಸೆಂಬರ್ 13, ಅವ್ರ ದೇಶದಲ್ಲಿ ಸೈನ್ಯದ ಆಡಳಿತ, ಫೋನ್ ಬಂದ್, ವಿಮಾನ ಬಂದ್. ಮೇಸ್ತ್ರಿಗೆ ಗೊತ್ತಾಗತ್ತೆ, ಉಳಿದ ಮೂವರಿಗೆ ಹೇಳಲ್ಲ, ಕೆಲಸ ಮುಗಿಯೋ ತನಕ ಮುಚ್ಚಿಡ್ತಾನೆ, ದುಡ್ಡು ಖಾಲಿಯಾದಾಗ ಅಂಗಡೀಲಿ ಕದ್ದು ಊಟಕ್ಕೆ ತರ್ತಾನೆ. ಜೆರೆಮಿ ಐರನ್ಸ್ ಆ ಪಾತ್ರ. ಶೂಟಿಂಗ್ ಮಾಡಿದ ಮನೆ ಸ್ಕೊಲಿಮೊವ್‌ಸ್ಕಿಯವ್ರ ಸ್ವಂತ ಮನೆ, ಘಟನೆ ಆಗಿ ಅರ್ಧ ವರ್ಷದೊಳಗೆ ಕಾನ್‌ಗೆ ಹೋಗಿ ಚಿತ್ರಕಥೆಗೆ ಪ್ರಶಸ್ತಿ.

ನಮ್ಮ ಚಿಕ್ಕಪ್ಪ 1990ರಲ್ಲಿ ಕುವೈತ್‌ನಲ್ಲಿದ್ರು, ಊರಿಂದ ದೂರ ಒಂದು ಸೈಟಿನ ಕ್ಯಾಂಪು, ರೂಮಲ್ಲಿ ಎಂಟು ಜನ, ರೇಡಿಯೋ ಇದ್ದಿದ್ದು ಒಬ್ಬನ ಹತ್ರ. ಇರಾಕಿನವ್ರು ಬಂದಿದ್ದು ಅವ್ನಿಗೆ ಬೆಳಿಗ್ಗೇನೇ ಗೊತ್ತಂತೆ, ಉಳಿದವ್ರು ಊಟ ಮಾಡ್ಲಿ ಅಂತ ರಾತ್ರಿ ತನಕ ಬಾಯಿ ಬಿಡ್ಲಿಲ್ಲವಂತೆ. ಅವತ್ತು ಅವ್ನೇ ಎಲ್ರಿಗೂ ಮೀನು ಬಡಿಸಿದ್ದು ಅಂತ ಚಿಕ್ಕಪ್ಪ ಇವತ್ತಿಗೂ ಹೇಳ್ತಾರೆ, ಬೈಯೋ ಧ್ವನಿಯೋ ಹೊಗಳೋ ಧ್ವನಿಯೋ ನಂಗಂತೂ ಗೊತ್ತಾಗಲ್ಲ. ಅವ್ರಿಗೆ ಈ ಸಿನಿಮಾ ತೋರ್ಸಿದೆ. ಮುಗಿದ ಮೇಲೆ ಏನೂ ಮಾತಾಡದೆ ಎದ್ದು ಹೋಗಿ ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟಿದ್ರು.

ಅಪ್ಪೆಮಿಡಿ (ಶಿರಸಿ):
ನಿನ್ನೆ 'ಮೂನ್‌ಲೈಟಿಂಗ್' ನೋಡಿದೆ. ಈಗ ಎಂತ ಬರೀಬೇಕು ಅಂತ ಗೊತ್ತಾಗ್ತಿಲ್ಲ, ಬ್ರಷ್ ಅಂತೂ ಟರ್ಪಂಟೈನಲ್ಲಿ ನೆನೆ ಹಾಕಿದೀನಿ, ಕೂದಲೆಲ್ಲ ಕಲ್ಲಾಗಿದೆ, ಬಿಡತ್ತೋ ಇಲ್ವೋ ನೋಡ್ಬೇಕು.

ಇನ್ನೊಂದು. ಕತ್ತೆ ಸಿನಿಮಾ ಕೊನೇ ಹತ್ತು ನಿಮಿಷ ಇರುವಾಗ ಅಜ್ಜಿ ಕೂತಲ್ಲೇ ತೂಕಡಿಸಿಬಿಟ್ಟಿದ್ರು. ನೋಡಿದವ್ರಿಗೆ ಆ ಹತ್ತು ನಿಮಿಷ ಎಂತ ಅಂತ ಗೊತ್ತು. ಮರುದಿನ ಬೆಳಿಗ್ಗೆ ದೋಸೆ ಹೊಯ್ತಾ ಕೇಳಿದ್ರು, ಕತ್ತೆ ಕಡೆಗೆ ಮನೆ ಸೇರ್ತನಾ ಅಂತ. ಸೇರ್ತು ಅಂದೆ, ಆ ಸರ್ಕಸ್ ಹುಡುಗಿನೇ ಬಂದು ಕರ್ಕೊಂಡು ಹೋದ್ಲು ಅಂದೆ. ಇವತ್ತು ಮತ್ತೆ ಕೇಳ್ತಿದಾರೆ, ಆ ಹುಡುಗಿ ಮನೇಲಿ ಕೊಟ್ಟಿಗೆ ಇದ್ದನಾ ಅಂತ.